ತೆರೆಯೊಳಗಿನ ತೆರೆ

ನಾಟಕವು ತನ್ನನ್ನೇ ತಾನು ಆಡಿ ತೋರಿಸಿಕೊಳ್ಳುವ ಪದ್ಧತಿಯು ಭರತಖಂಡಕ್ಕೆ ಹೊಸದಲ್ಲ. ಸಂಸ್ಕೃತ ರೂಪಕಗಳ ಪ್ರಸ್ತಾವನೆಯಲ್ಲಿ ಸೂತ್ರಧಾರನು ರಂಗಕ್ಕೆ ಬಂದು, ಕವಿಯ ಹೆಸರನ್ನೂ ಆಡಲಿರುವ ನಾಟಕದ ಹೆಸರನ್ನೂ ಸಭೆಗೆ ಅರಿಕೆಮಾಡುವನು. ಭವಭೂತಿಯ ಉತ್ತರರಾಮಚರಿತದ ಏಳನೆಯ ಅಂಕದಲ್ಲಂತೂ ನಾಟಕದೊಳಗೆ ಇನ್ನೊಂದು ನಾಟಕವೇ ನಡೆಯುತ್ತದೆ. ಪ್ರೇಕ್ಷಕನಾಗಿ ಕುಳಿತ ಶ್ರೀರಾಮನು ಅದು ನಟನೆಯೆಂಬುದನ್ನು ಮರೆತು ಮೂರ್ಛೆಹೋಗುವನು. ವೇಷವಾವುದು, ನಿಜವಾವುದು ಎಂಬ ಈ ಭ್ರಾಂತಿಯನ್ನೇ ವಸ್ತುವಾಗಿ ಹಿಡಿದು ಹಿಂದೀ ಚಲಚ್ಚಿತ್ರರಂಗವು ತನ್ನ ಕಥೆಯನ್ನು ತಾನೇ ಹಲವು ಸಲ ಹೇಳಿಕೊಂಡಿದೆ. ಅಂತಹ ಚಿತ್ರಗಳಲ್ಲಿ ಪ್ರಸಿದ್ಧ ನಟರು ತಮ್ಮ ಸ್ವಂತ ಹೆಸರಿನಿಂದಲೇ ತೆರೆಯ ಮೇಲೆ ಕ್ಷಣಕಾಲ ಸುಳಿದು ಹೋಗುವುದುಂಟು. ಇದು ಬರಿಯ ವಿನೋದವೇ, ಅಥವಾ ಇದಕ್ಕೆ ಬೇರೊಂದು ಪ್ರಯೋಜನವುಂಟೇ ಎಂಬುದು ವಿಚಾರಾರ್ಹವಾದ ವಿಷಯ. 36 ವರ್ಷಗಳ ಅಂತರದಲ್ಲಿ ಬಂದ ಎರಡು ಚಿತ್ರಗಳು ಇದಕ್ಕೆ ಉತ್ತಮ ನಿದರ್ಶನಗಳಾಗಿವೆ.

ಮೊದಲನೆಯದು ಹೃಷಿಕೇಶ ಮುಖರ್ಜಿಯವರು 1971ರಲ್ಲಿ ನಿರ್ದೇಶಿಸಿದ ‘ಗುಡ್ಡಿ’. ಕಥೆ ಗುಲ್ಜಾರರದು. ಶಾಲೆಯಲ್ಲಿ ಓದುವ ಹುಡುಗಿಯೊಬ್ಬಳು ನಟ ಧರ್ಮೇಂದ್ರರಲ್ಲಿ ಮನಸ್ಸಿಟ್ಟು, ಮೀರೆಗೆ ಕೃಷ್ಣನು ಹೇಗೋ ತನಗೆ ಆತನು ಹಾಗೆ ಎಂದು ಭಾವಿಸಿಕೊಂಡಿರುವಳು. ಈ ಪಾತ್ರವನ್ನು ವಹಿಸಿದವರು ಜಯಾ ಭಾದುರಿಯವರು. ಹುಡುಗಿಯ ಅತ್ತಿಗೆಯ ಸೋದರಮಾವನು ವಿವೇಕಿ. ಗದರಿಸಿ ಬುದ್ಧಿ ಹೇಳುವ ಬದಲು ಧರ್ಮೇಂದ್ರರನ್ನೇ ಕಂಡು, ಅವರ ನೆರವಿನಿಂದ ಅವಳಿಗೆ ಸ್ಟುಡಿಯೋದ ಒಳಗನ್ನು ತೋರಿಸುವನು. ರಾಜೇಶ್ ಖನ್ನಾ, ಅಮಿತಾಭ್ ಬಚ್ಚನ್, ಅಶೋಕಕುಮಾರ್, ಪ್ರಾಣ್ ಮೊದಲಾದವರು ಇಲ್ಲಿ ಬರುವುದು ತಮ್ಮ ಪ್ರಭೆಯನ್ನು ಹೆಚ್ಚಿಸಿಕೊಳ್ಳುವುದಕ್ಕಲ್ಲ, ಅದನ್ನು ಕಳಚಿಡುವುದಕ್ಕೆ. ತೆರೆಯ ಮೇಲೆ ಖಳನಾಗಿ ಭಯ ಹುಟ್ಟಿಸುವ ಪ್ರಾಣ್, ತೆರೆಯ ಹೊರಗೆ ಸಜ್ಜನರಾಗಿ ಕಾಣುವರು. ನಾಯಕನಾಗುವೆನೆಂದು ಮನೆಬಿಟ್ಟು ಬಂದ ತರುಣನು ಗುಂಪಿನಲ್ಲೊಬ್ಬನಾಗಿ ನಿಂತು ಹೊಟ್ಟೆ ಹೊರೆಯುವನು. ಅಸ್ರಾನಿಯವರು ಅಭಿನಯಿಸಿದ ಈ ಪಾತ್ರವು ನಗಿಸುತ್ತ ಬಂದು ಕಡೆಗೆ ಮನಸ್ಸನ್ನು ಕಲಕುವುದು.

ಆದರೆ ಆ ಚಿತ್ರದ ಹೃದಯವಿರುವುದು ಬೆಂಕಿಗೆ ಆಹುತಿಯಾದ ಸ್ಟುಡಿಯೋವೊಂದರ ದೃಶ್ಯದಲ್ಲಿ. ಕರಿಹಿಡಿದ ಆ ಅವಶೇಷಗಳ ನಡುವೆ ನಿಂತು ಧರ್ಮೇಂದ್ರರು ಬಿಮಲ್ ರಾಯರನ್ನು ಸ್ಮರಿಸುವರು. ಕಥೆಯನ್ನಷ್ಟೇ ನೋಡುವವನಿಗೆ ಇದು ಅನಿತ್ಯತೆಯನ್ನು ಕುರಿತ ನಾಲ್ಕು ಮಾತು. ಒಳಗನ್ನು ಬಲ್ಲವನಿಗೆ ಅದು ಶ್ರಾದ್ಧಕರ್ಮ. ಬಿಮಲ್ ರಾಯರು 1966ರಲ್ಲಿ ತೀರಿಕೊಂಡಿದ್ದರು. ಹೃಷಿಕೇಶ ಮುಖರ್ಜಿಯವರು ಅವರ ‘ದೋ ಬೀಘಾ ಜಮೀನ್’ (1953), ‘ಮಧುಮತಿ’ (1958) ಚಿತ್ರಗಳ ಸಂಕಲನಕಾರರಾಗಿದ್ದವರು; ಗುಲ್ಜಾರರು ಗೀತಕಾರರಾಗಿ ಬೆಳಕಿಗೆ ಬಂದುದೂ ಧರ್ಮೇಂದ್ರರು ಆರಂಭದ ದಿನಗಳಲ್ಲಿ ಅಭಿನಯಿಸಿದುದೂ ಅವರ ‘ಬಂದಿನಿ’ಯಲ್ಲಿ (1963). ನಿರ್ದೇಶಕ, ಲೇಖಕ, ನಟ ಮೂವರೂ ಒಬ್ಬನೇ ಗುರುವಿನ ಶಿಷ್ಯರು. ಬಳಗದವರಿಗೆ ಮಾತ್ರ ತಿಳಿಯುವ ಮಾತು ಹಾಸ್ಯವೇ ಆಗಬೇಕೆಂದಿಲ್ಲ, ಋಣಸಂದಾಯವೂ ಆಗಬಹುದೆಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು ಫರಾ ಖಾನರ ‘ಓಂ ಶಾಂತಿ ಓಂ’. 2007ರ ನವೆಂಬರ್ 9ರಂದು ತೆರೆಗೆ ಬಂದಿತು. ಇದರಲ್ಲಿಯೂ ಸುಟ್ಟ ಸ್ಟುಡಿಯೋವೊಂದುಂಟು, ಆದರೆ ಅದು ಕಲ್ಪಿತವಾದುದು. ಕಥಾನಾಯಕನಾದ ಬಡ ಸಹನಟನು ಆ ಬೆಂಕಿಯಿಂದ ನಾಯಕಿಯನ್ನು ಉಳಿಸಲಾರದೆ ಪ್ರಾಣಬಿಟ್ಟು, ಹಿರಿಯ ನಟನೊಬ್ಬನ ಮಗನಾಗಿ ಹುಟ್ಟಿ, ಸುಲಭವಾಗಿ ತಾರೆಯಾಗುವನು. ಹೆಸರೂ ಮನೆತನವೂ ಇಲ್ಲದವನಿಗೆ ಚಿತ್ರರಂಗದಲ್ಲಿ ಪುನರ್ಜನ್ಮವೊಂದೇ ಗತಿ ಎಂಬ ಕಟುವಾದ ಮಾತು ಈ ವಿನೋದದಲ್ಲಿ ಅಡಗಿದೆ. ನಾಯಕಿಯಾದ ದೀಪಿಕಾ ಪಡುಕೋಣೆಯವರು ಬೆಂಗಳೂರಿನಲ್ಲಿ ಬೆಳೆದವರು. 2006ರ ಕನ್ನಡ ಚಿತ್ರ ‘ಐಶ್ವರ್ಯಾ’ದಿಂದ ನಟನೆಗೆ ಬಂದ ಅವರಿಗೆ ಇದು ಮೊದಲನೆಯ ಹಿಂದೀ ಚಿತ್ರ.

ಚಿತ್ರದ ತುಂಬ ಒಳಮಾತುಗಳೇ. ಸುಭಾಷ್ ಘಾಯ್‌ಯವರ ‘ಕರ್ಜ್’ (1980) ಚಿತ್ರದ ಗೀತೆಯಿಂದ ಕಥೆ ತೊಡಗುವುದು. ಘಾಯ್‌ಯವರೂ ಅಲ್ಲಿ ತಾವಾಗಿಯೇ ಕಾಣಿಸಿಕೊಳ್ಳುವರು. ಕಡೆಯಲ್ಲಿ ಸತ್ತವಳ ವೇಷ ಹಾಕಿದವಳ ಬದಲು ಸತ್ತವಳೇ ಬಂದು ನಿಲ್ಲುವುದು ‘ಮಧುಮತಿ’ಯನ್ನು ನೆನಪಿಗೆ ತರುವುದು. ಒಂದು ಹಾಡಿನಲ್ಲಿ 30ಕ್ಕೂ ಹೆಚ್ಚು ತಾರೆಯರು ಬಂದು ಕುಣಿಯುವರು. ‘ಗುಡ್ಡಿ’ಯ ಧರ್ಮೇಂದ್ರರೂ ಅವರಲ್ಲೊಬ್ಬರು. ಪ್ರಶಸ್ತಿಸಭೆಯ ದೃಶ್ಯದಲ್ಲಿ ನಾಯಕನ ಎರಡು ಚಿತ್ರಗಳು ಒಂದೇ ಅಚ್ಚಿನಲ್ಲಿ ಎರಕಹೊಯ್ದಂತಿರುವುವು. ಆ ಹಾಸ್ಯವು ಶಾರುಖ್ ಖಾನರು ತಮ್ಮ ಮೇಲೆ ತಾವೇ ಮಾಡಿಕೊಂಡುದಾದುದರಿಂದ ಯಾರನ್ನೂ ನೋಯಿಸದು.

ನೋವಾದುದು ಬೇರೊಂದೆಡೆ. ಮುಖಕ್ಕೆ ಕೈಯನ್ನು ಅಡ್ಡ ಹಿಡಿಯುವುದು ಹಿರಿಯ ನಟ ಮನೋಜಕುಮಾರರ ಹೆಸರಾಂತ ಭಂಗಿ. ಚಿತ್ರದಲ್ಲಿ ನಾಯಕನೂ ಅವನ ಗೆಳೆಯನೂ ಅವರ ಪ್ರವೇಶಪತ್ರವನ್ನು ಅಪಹರಿಸುವರು. ಮುಖ ಮುಚ್ಚಿದವರ ಗುರುತು ಹತ್ತದೆ ಪೋಲೀಸರು ಅವರನ್ನು ಲಾಠಿಯಿಂದ ಹೊಡೆಯುವರು. ಆ ಪಾತ್ರವನ್ನಾಡಿದವನು ಬೇರೊಬ್ಬ. ಪರಿಹಾಸಕ್ಕೆ ಗುರಿಯಾದವರು ಅವರು. ಅವರು ಆಕ್ಷೇಪಿಸಿದರು, ಚಿತ್ರದವರು ಕ್ಷಮೆ ಕೇಳಿದರು. 2008ರಲ್ಲಿ ಟೆಲಿವಿಷನ್ ಪ್ರಸಾರಕ್ಕೆ ಮುನ್ನ ಆ ಭಾಗವನ್ನು ತೆಗೆದುಹಾಕಬೇಕೆಂದು ನ್ಯಾಯಾಲಯವು ಆಜ್ಞಾಪಿಸಿತು. ಆದರೂ 2013ರಲ್ಲಿ ಜಪಾನಿನಲ್ಲಿ ತೆರೆಕಂಡಾಗ ಅದು ಹಾಗೆಯೇ ಉಳಿದಿದ್ದುದರಿಂದ ಅವರು ಮತ್ತೆ ದಾವೆ ಹೂಡಬೇಕಾಯಿತು. ಮನೋಜಕುಮಾರರು 2025ರ ಏಪ್ರಿಲ್ 4ರಂದು ನಿಧನರಾದರು.

ಇದರಿಂದ ತಿಳಿಯತಕ್ಕದ್ದೇನು? ಮನೆಯವರೆಲ್ಲ ಕೂಡಿ ನಗುವಾಗ ಆ ನಗೆಯಲ್ಲಿ ಮನೆಯ ಹಿರಿಯರಿಗೂ ಪಾಲಿರಬೇಕು. ಸ್ವಂತ ಇಚ್ಛೆಯಿಂದ ಕಿರೀಟವನ್ನು ಕೆಳಗಿಟ್ಟವನ ಗೌರವ ಹೆಚ್ಚುವುದು. ಇನ್ನೊಬ್ಬನ ತಲೆಯ ಮೇಲಿನದನ್ನು ತಟ್ಟಿ ಬೀಳಿಸಿದರೆ ಬಿದ್ದವನಿಗಿಂತ ತಟ್ಟಿದವನಿಗೇ ಹಾನಿ.

ಅದೇ ಚಿತ್ರದ ಕೊನೆಯಲ್ಲಿ ಈ ವಿವೇಕವು ತಾನಾಗಿಯೇ ಮೂಡಿರುವುದು ಆಶ್ಚರ್ಯಕರ. ಕಥೆ ಮುಗಿದ ಮೇಲೆ ತಾರೆಯರು ನಡೆಯುವ ಕೆಂಪು ಹಾಸಿನ ಮೇಲೆ ಚಿತ್ರಕ್ಕಾಗಿ ದುಡಿದವರೆಲ್ಲರೂ, ಸಾಮಾನು ಹೊತ್ತು ಚಹಾ ಕೊಡುವ ಸ್ಪಾಟ್‌ಬಾಯ್‌ಗಳವರೆಗೆ, ಒಬ್ಬೊಬ್ಬರಾಗಿ ನಡೆದುಬರುವರು. ಎಲ್ಲರಿಗಿಂತ ಹಿಂದೆ ಆಟೋರಿಕ್ಷಾದಲ್ಲಿ ಬಂದಿಳಿದ ನಿರ್ದೇಶಕಿಗೆ ಹಾಸಿನ ಮೇಲೆ ನಡೆಯುವ ಭಾಗ್ಯವಿಲ್ಲ, ಅದನ್ನಾಗಲೇ ಸುತ್ತಿಡುತ್ತಿರುವರು.