ಗುರುವಿಗೆ ಗೌರವ, ಮೇಷ್ಟ್ರಿಗೆ ಕೂಲಿ

ಮೇಷ್ಟ್ರುಗಳು ಸಂಬಳ ಹೆಚ್ಚಿಸಿ ಎಂದು ಬೀದಿಗೆ ಇಳಿದಾಗಲೆಲ್ಲ ಪತ್ರಿಕೆಗಳ ವಾಚಕರ ವಾಣಿಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಹಿಂದಿನ ಗುರುಗಳು ಸಂಬಳಕ್ಕಾಗಿ ಪಾಠ ಹೇಳಲಿಲ್ಲ, ವಿದ್ಯೆಯನ್ನು ದಾನವಾಗಿ ಕೊಟ್ಟರು, ಈಗಿನವರು ದುಡ್ಡಿಗೆ ಬಿದ್ದಿದ್ದಾರೆ. ಹೋಟೆಲ್ಲಿನಲ್ಲಿ ಇದೇ ಮಾತಿಗೆ ಇನ್ನೊಂದು ರೂಪ: ‘ಅವರಿಗೇನ್ರೀ, ಬೇಸಿಗೆ ರಜ, ದಸರಾ ರಜ, ಅದರ ಮೇಲೆ ಸ್ಟ್ರೈಕು ಬೇರೆ.’ ಏಳು ವರ್ಷ ಅರೆಕಾಲಿಕನಾಗಿ, ಆಮೇಲೆ ಕಾಯಂ ಆಗಿ ಕಾಲೇಜಿನಲ್ಲಿ ಪಾಠ ಹೇಳಿಕೊಂಡು, ಸಂಘದ ಚಂದಾ ಕಟ್ಟಿಕೊಂಡು, ನಾಲ್ಕಾರು ಧರಣಿಗಳಲ್ಲಿ ಕೂತು ಬಂದಿರುವ ನನಗೆ ಈ ಎರಡೂ ಕೇಳಿ ಕೇಳಿ ರೂಢಿಯಾಗಿದೆ. ಇದಕ್ಕೆ ಸಂಘದ ವೇದಿಕೆಯಿಂದ ಬರುವ ಉತ್ತರವೂ ‘ಗುರು ದೇವರ ಸಮಾನ’ ಎಂದೇ ಶುರುವಾಗುತ್ತದಲ್ಲ, ಅದು ಮಾತ್ರ ಇವತ್ತಿಗೂ ರೂಢಿಯಾಗಿಲ್ಲ. ಬಯ್ಯುವವನೂ ಬಯ್ಸಿಕೊಳ್ಳುವವನೂ ಒಂದೇ ಗುರುವಿನ ಪಟಕ್ಕೆ ಹೂ ಹಾಕುತ್ತಿದ್ದಾರೆ. ಆ ಪಟದಲ್ಲಿರುವವನು ಯಾರು, ಅವನ ಅನ್ನ ಎಲ್ಲಿಂದ ಬರುತ್ತಿತ್ತು ಎಂದು ದಲಿತ ವಿಮರ್ಶೆಯಾದರೂ ಕೇಳಬೇಕು.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ 945ನೇ ಇಸವಿಯ ಶಾಸನವೊಂದಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಶಾಲೆ ಕಟ್ಟಿಸಿದ್ದ. ವಿದ್ಯಾರ್ಥಿಗಳ ಊಟ ವಸತಿಗೆ 500 ನಿವರ್ತನ ಭೂಮಿ, ದೀಪಕ್ಕೆ 12, ಮುಖ್ಯ ಉಪಾಧ್ಯಾಯನಿಗೆ 50. ಸಾಲದ್ದಕ್ಕೆ ಊರಿನಲ್ಲಿ ಮದುವೆಯಾದರೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ಶಾಲೆಗೆ ಸಲ್ಲಬೇಕು. ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನಕ್ಕೆ ಸಂಬಂಧಿಸಿದ 1058ರ ಶಾಸನ ಪಾಠ ಹೇಳುವವರಿಗಷ್ಟೇ ಅಲ್ಲ, ಪುಸ್ತಕ ಕಾಯುವ ಸರಸ್ವತಿ ಭಂಡಾರಿಗಳಿಗೂ ಭೂಮಿ ಹಂಚುತ್ತದೆ. ಇದು ಸಂಬಳವಲ್ಲದೆ ಮತ್ತೇನು? ತುಟ್ಟಿಭತ್ಯೆ ಒಂದಿರಲಿಲ್ಲ, ನಿಜ. ಭೂಮಿ ಇದ್ದವನಿಗೆ ತುಟ್ಟಿಭತ್ಯೆ ಯಾಕೆ ಬೇಕು? ಕಾಳಿನ ಬೆಲೆ ಏರಿದರೆ ಕಾಳು ಅವನ ಕಣಜದಲ್ಲೇ ಇರುತ್ತದೆ. ಆ ಐವತ್ತು ನಿವರ್ತನವನ್ನು ಉತ್ತವರು, ಬಿತ್ತವರು, ಕಳೆ ಕಿತ್ತವರು ಯಾರು ಅಂತ ಕಲ್ಲು ಹೇಳುವುದಿಲ್ಲ. ಗುರು ಕೈಯೊಡ್ಡಲಿಲ್ಲ, ಸರಿ. ಕೈಯೊಡ್ಡುವ ಪ್ರಸಂಗವೇ ಬಾರದ ಹಾಗೆ ಯಾರದೋ ಬೆನ್ನು ಬಗ್ಗಿತ್ತು.

ಈಚಿನ ಶತಮಾನಗಳ ಊರ ಶಾಲೆಯ ಕತೆ ಬೇರೆ. ಹಳೇ ಮೈಸೂರಿನ ಕಡೆ ಅದಕ್ಕೆ ಕೂಲಿಮಠ ಅಂತಲೇ ಹೆಸರು. ಮಕ್ಕಳ ಮನೆಯಿಂದ ಕಾಳುಕಡ್ಡಿ, ಹಬ್ಬಕ್ಕೊಂದಿಷ್ಟು ಕಾಸು, ಅದೇ ಐಗಳ ಕೂಲಿ. ಮಠದ ಹೆಸರಿನಲ್ಲೇ ಕೂಲಿ ಇದ್ದರೂ ಯಾರಿಗೂ ಅವಮಾನವಾಗಿರಲಿಲ್ಲ. ನಮ್ಮವರ ಮಕ್ಕಳು ಮಾತ್ರ ಒಳಗಿರಲಿಲ್ಲ. ಕೂಲಿ ಎಂಬ ಮಾತಿಗೆ ಒಳಗೆ ಜಾಗವಿತ್ತು, ಕೂಲಿಯವರಿಗೆ ಇರಲಿಲ್ಲ.

1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಹುಡುಗನೊಬ್ಬ ಅರ್ಜಿ ಹಾಕಿದ. ನ್ಯಾಯ ಅವನ ಕಡೆಗಿದೆ ಎಂದು ಮುಂಬಯಿ ಸರ್ಕಾರವೇ ಒಪ್ಪಿತು, ಒಬ್ಬಿಬ್ಬರಿಗಾಗಿ ಯುಗಯುಗದ ನಂಬಿಕೆಗೆ ಕೈಹಾಕಿದರೆ ಶಿಕ್ಷಣಕ್ಕೇ ಪೆಟ್ಟು ಎಂದು ಹೇಳಿ ಬಾಗಿಲನ್ನೂ ಮುಚ್ಚಿತು. 1857ರಲ್ಲಿ ಭಾರತ ಸರ್ಕಾರ, ಬಂಗಾಳ ಪ್ರಾಂತ್ಯದ ಸರ್ಕಾರಿ ಶಾಲೆಯಲ್ಲಾಗಿದ್ದರೆ ಆ ಹುಡುಗನನ್ನು ನಿರಾಕರಿಸುತ್ತಿರಲಿಲ್ಲ ಎಂದಿತು. 1858ರಲ್ಲಿ ಲಂಡನ್ನಿನ ನಿರ್ದೇಶಕ ಮಂಡಳಿ ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂದು ಬರೆಯಿತು. ಈ ಕಡತವನ್ನು ಮತ್ತೆ ಬೆಳಕಿಗೆ ಹಿಡಿದದ್ದು ಬಾಬಾಸಾಹೇಬರು, 1928ರಲ್ಲಿ ಸೈಮನ್ ಆಯೋಗದ ಮುಂದೆ ಇಟ್ಟ ಹೇಳಿಕೆಯಲ್ಲಿ. ನನ್ನ ಕುತೂಹಲ ಆ ಶಾಲೆಯ ಮೇಷ್ಟ್ರ ಬಗ್ಗೆ. ಅವನ ಸಂಬಳ ಆ ಹೊತ್ತಿಗಾಗಲೇ ಸರ್ಕಾರದ್ದು. ಬೊಕ್ಕಸಕ್ಕೆ ಹೊಲಗೇರಿಯ ದುಡಿಮೆಯೂ ಸೇರಿದೆ. ಪಾಠ ಮಾತ್ರ ಅಗ್ರಹಾರದ ಕಟ್ಟಳೆಯಂತೆ.

ಸಂಬಳದ ಪ್ರಶ್ನೆಯನ್ನೂ ಜಾತಿಯ ಪ್ರಶ್ನೆಯನ್ನೂ ಒಂದೇ ಉಸಿರಿನಲ್ಲಿ ಕೇಳಿದವರು ಜೋತಿಬಾ ಫುಲೆ. 1882ರಲ್ಲಿ ಹಂಟರ್ ಆಯೋಗಕ್ಕೆ ಅವರು ಕೊಟ್ಟ ಹೇಳಿಕೆಯನ್ನು ನಮ್ಮ ಶಿಕ್ಷಕರ ಸಂಘಗಳು ಯಾಕೆ ಪುಸ್ತಿಕೆ ಮಾಡಿ ಹಂಚುವುದಿಲ್ಲವೋ ನನಗೆ ಗೊತ್ತಿಲ್ಲ, ಅಥವಾ ಗೊತ್ತು. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳು ಹೆಚ್ಚುಕಡಿಮೆ ಎಲ್ಲರೂ ಬ್ರಾಹ್ಮಣರು, ಬಹುತೇಕರಿಗೆ ತರಬೇತಿಯಿಲ್ಲ, ಸಂಬಳ ಹತ್ತು ರೂಪಾಯಿ ದಾಟುವುದು ಅಪರೂಪ ಎಂದು ಅವರು ಹೇಳುತ್ತಾರೆ. ಮುಂದೆ ಕೇಳುವುದು ಎರಡು. ಒಂದು, ಸಂಬಳ ಹನ್ನೆರಡು ರೂಪಾಯಿಗಿಂತ ಕಡಿಮೆ ಇರಬಾರದು, ದೊಡ್ಡ ಊರುಗಳಲ್ಲಿ ಹದಿನೈದೋ ಇಪ್ಪತ್ತೋ ಆಗಬೇಕು. ಇನ್ನೊಂದು, ಮೇಷ್ಟ್ರುಗಳು ಆದಷ್ಟೂ ಒಕ್ಕಲು ಮಕ್ಕಳಿಂದಲೇ ಬರಬೇಕು. ನೇಗಿಲ ಮೇಣಿ ಹಿಡಿಯಲು, ಬಡಗಿಯ ಬಾಚಿ ಹಿಡಿಯಲು ನಾಚದವರಾಗಬೇಕು, ಕೆಳಗಿನವರ ಜೊತೆ ಬೆರೆಯುವವರಾಗಬೇಕು. ಅಷ್ಟಕ್ಕೇ ನಿಲ್ಲುವುದಿಲ್ಲ. ಊರಿನ ಲೆಕ್ಕ ತಪಾಸಣೆ, ಪತ್ರ ನೋಂದಣಿ, ಅಂಚೆ, ಸ್ಟಾಂಪು ಮಾರಾಟ ಇಂಥ ಕೆಲಸಗಳನ್ನು ಮೇಷ್ಟ್ರಿಗೆ ಕೊಟ್ಟರೆ ಅವರ ಸ್ಥಾನ ಏರುತ್ತದೆ ಎನ್ನುತ್ತಾರೆ.

ಈ ಕೊನೆಯ ಸಲಹೆಯನ್ನು ಓದುವಾಗ ನನಗೆ ನಗು ಬರುತ್ತದೆ. ಊರ ಲೆಕ್ಕ ಮೇಷ್ಟ್ರ ಕೈಗೆ ಬಂದರೆ ಕುಲಕರ್ಣಿಯ ಗತಿ ಏನು? ಶಾಲೆಯ ಸುಧಾರಣೆ ಅಂತ ಬರೆದು ಕುಲಕರ್ಣಿಯ ಬುಡಕ್ಕೆ ಕೊಡಲಿ ಇಟ್ಟಿದ್ದಾರೆ. ಇವತ್ತಿನ ಮೇಷ್ಟ್ರು ಪಾಠದ ಹೊರಗಿನ ಕೆಲಸ ಜಾಸ್ತಿಯಾಯಿತು ಎಂದು ದೂರುತ್ತಾರೆ, ದೂರು ನ್ಯಾಯವೇ. 2009ರ ಶಿಕ್ಷಣ ಹಕ್ಕು ಕಾಯ್ದೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸ ಹೇರಬಾರದು ಅಂದಿದೆ. ಆದರೆ ಫುಲೆ ಕೇಳಿದ್ದು ಊರಿನ ಅಧಿಕಾರದಲ್ಲಿ ಪಾಲು, ಈಗ ಸಿಗುತ್ತಿರುವುದು ತಾಲ್ಲೂಕು ಕಚೇರಿಯ ಬಿಟ್ಟಿ ಚಾಕರಿ.

ಇನ್ನು ಮುಷ್ಕರದ ಮಾತು. ಒಮ್ಮೆ ಧರಣಿಗೆ ಹೊರಟಿದ್ದಾಗ ನಮ್ಮವ್ವ ಕೇಳಿದಳು: ‘ಸ್ಟ್ರೈಕ್ ಮಾಡ್ತೀವಿ ಅಂತೀಯಲ್ಲ ಮಗಾ, ನಾವು ಕಳೆ ಕೀಳಾಕ್ ಹೋಗದಿದ್ರೆ ಅವತ್ತಿನ ಕೂಲಿ ಯಾರಾನ ಕೊಟ್ಟಾರಾ? ನಿಮ್ಗೆ ಭಾನುವಾರದ್ದೂ ಕೊಡ್ತಾರೆ.’ ಅವಳ ಲೆಕ್ಕ ನೇರವಾದದ್ದು. ಕೆಲಸ ನಿಲ್ಲಿಸಿದರೆ ಒಲೆ ಆರುತ್ತದೆ ಎಂಬುದು ಗೊತ್ತಿರುವವರ ಲೆಕ್ಕ ಅದು. ಅವಳಿಗೆ ನಾನು ಅಯ್ಯಂಕಾಳಿಯ ಕತೆ ಹೇಳಿದೆ.

ಹಿಂದಿನ ಶತಮಾನದ ಮೊದಲ ವರ್ಷಗಳಲ್ಲಿ ತಿರುವಾಂಕೂರಿನ ಪುಲಯ ಕೂಲಿಗಳು ಗದ್ದೆಗೆ ಇಳಿಯುವುದನ್ನೇ ನಿಲ್ಲಿಸಿದರು. ಕೇಳಿದ್ದರಲ್ಲಿ ಮುಖ್ಯವಾದದ್ದು ಕಾಳಲ್ಲ, ಕಾಸಲ್ಲ: ನಮ್ಮ ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಗದ್ದೆಯಲ್ಲಿ ಹುಲ್ಲು ಬೆಳೆಯುತ್ತದೆ. ಮುಂದೆ ನಿಂತವರು 1907ರಲ್ಲಿ ಸಾಧುಜನ ಪರಿಪಾಲನ ಸಂಘ ಕಟ್ಟಿದ ಅಯ್ಯಂಕಾಳಿ. ಅಕ್ಷರ ಕಲಿಯುವ ಅವಕಾಶವೇ ಸಿಗದವರು. ಒಲೆ ಆರಬಾರದೆಂದು ಕಡಲ ಮೀನುಗಾರರು ಮನೆಗೊಬ್ಬರನ್ನು ದೋಣಿಗೆ ಸೇರಿಸಿಕೊಂಡರು ಎಂದು ಹೇಳುತ್ತಾರೆ. ಸರ್ಕಾರ ಪ್ರವೇಶದ ಆದೇಶ ಹೊರಡಿಸಿದರೂ ಮೇಲ್ಜಾತಿಯವರು ಬಾಗಿಲಲ್ಲಿ ಅಡ್ಡ ನಿಂತರು, ಊರೂಟ್ಟಂಬಲದಲ್ಲಿ ಪಂಚಮಿ ಎಂಬ ಪುಟ್ಟ ಹುಡುಗಿ ಒಳಗೆ ಕೂತಳೆಂದು ಶಾಲೆಗೇ ಬೆಂಕಿಯಿಟ್ಟರು. ಈ ದೇಶದಲ್ಲಿ ಶಾಲೆಗಾಗಿ ನಡೆದ ದೊಡ್ಡ ಮುಷ್ಕರ ಮೇಷ್ಟ್ರುಗಳದ್ದಲ್ಲ, ಕಳೆ ಕೀಳುವವರದ್ದು. ಅವ್ವ ಕೇಳಿಸಿಕೊಂಡು ಸುಮ್ಮನಾದಳು. ಆಮೇಲೆ ‘ಅವರು ಮಕ್ಳಿಗೋಸ್ಕರ ಮಾಡಿದ್ರು’ ಅಂದಳು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ಕೇರಳದಲ್ಲಿ 1957ರಲ್ಲಿ ಶಿಕ್ಷಣ ಮಂತ್ರಿ ಜೋಸೆಫ್ ಮುಂಡಶ್ಶೇರಿ ಮಸೂದೆಯೊಂದನ್ನು ತಂದರು. ಅನುದಾನಿತ ಶಾಲೆಗಳ ಮೇಷ್ಟ್ರುಗಳಿಗೆ ಸರ್ಕಾರವೇ ನೇರವಾಗಿ ಸಂಬಳ ಕೊಡುವುದು ಅದರ ಒಂದು ಕಾಲು. ಮೇಷ್ಟ್ರುಗಳನ್ನು ಲೋಕಸೇವಾ ಆಯೋಗದ ಪಟ್ಟಿಯಿಂದಲೇ, ಮೀಸಲಾತಿ ಪಾಲಿಸಿ, ತೆಗೆದುಕೊಳ್ಳಬೇಕು ಎಂಬುದು ಇನ್ನೊಂದು ಕಾಲು. ಅದು 11ನೇ ಕಲಮು. ಚರ್ಚು, ನಾಯರ್ ಸಂಘ, ಕಾಂಗ್ರೆಸ್ಸು ಎಲ್ಲ ಒಂದಾದವು, ವಿಮೋಚನಾ ಸಮರ ನಡೆಯಿತು, 1959ರ ಜುಲೈ 31ರಂದು ಸರ್ಕಾರವೇ ವಜಾ ಆಯಿತು. ಮುಂದೆ ಬಂದವರು 1960ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದಾಗ ಹೋದದ್ದು ಯಾವ ಕಾಲು? ಸಂಬಳ ಸರ್ಕಾರದ್ದಾಗಿಯೇ ಉಳಿಯಿತು. ನೇಮಕ ಮ್ಯಾನೇಜರ್ ಕೈಗೆ ವಾಪಸ್ಸು ಹೋಯಿತು. ನಮ್ಮಲ್ಲಿ ಹೀಗೊಂದು ಸಮರವೇ ನಡೆಯಲಿಲ್ಲ, ನಡೆಯುವ ಅಗತ್ಯವೇ ಬೀಳಲಿಲ್ಲ. ಅನುದಾನ ಪಡೆದ ಮಠದ ಕಾಲೇಜುಗಳ ಸ್ಟಾಫ್ ರೂಮಿನಲ್ಲಿ ಒಂದು ಸುತ್ತು ಹಾಕಿ ಅಡ್ಡಹೆಸರುಗಳನ್ನು ಓದಿದರೆ ಗೊತ್ತಾಗುತ್ತದೆ.

ಮುಷ್ಕರ ಹಕ್ಕೋ ಅಪರಾಧವೋ ಎಂಬ ಚರ್ಚೆಯಲ್ಲಿ ನಾವು ನೆನೆಯಬೇಕಾದವರು ಮತ್ತೆ ಬಾಬಾಸಾಹೇಬರೇ. 1938ರಲ್ಲಿ ಮುಂಬಯಿ ಶಾಸನಸಭೆಗೆ ಕೈಗಾರಿಕಾ ವಿವಾದಗಳ ಮಸೂದೆ ಬಂದಾಗ, ಮುಷ್ಕರ ಹೆಚ್ಚೆಂದರೆ ಕರಾರಿನ ಉಲ್ಲಂಘನೆ, ಅಪರಾಧವಲ್ಲ. ಅದು ಸ್ವಾತಂತ್ರ್ಯದ ಇನ್ನೊಂದು ಹೆಸರು ಎಂದು ವಾದಿಸಿದರು, ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಮುಷ್ಕರವನ್ನೂ ನಡೆಸಿದರು. ಆದರೆ ಹತ್ತು ವರ್ಷ ಮೊದಲು, 1928ರ ಗಿರಣಿ ಮುಷ್ಕರದಲ್ಲಿ, ನೇಯ್ಗೆ ಖಾತೆಗೆ ನಮ್ಮವರನ್ನು ಯಾಕೆ ಬಿಡುವುದಿಲ್ಲ ಎಂದು ಮುಷ್ಕರದ ನಾಯಕರನ್ನೇ ಕೇಳಿದ್ದರು. ನೂಲನ್ನು ಬಾಯಿಂದ ಎಳೆಯಬೇಕಾಗಿತ್ತು. ಮುಟ್ಟಬಾರದವನ ಎಂಜಲು ತಾಗುತ್ತದೆ ಎಂದು ಸವರ್ಣ ಕಾರ್ಮಿಕರೇ ತಡೆದಿದ್ದರು. ಸಂಬಳ ಜಾಸ್ತಿಯಿದ್ದದ್ದು ಆ ಖಾತೆಯಲ್ಲೇ. ಈ ಎರಡನ್ನೂ ಒಟ್ಟಿಗೆ ಹಿಡಿದರಷ್ಟೇ ಅದು ಅಂಬೇಡ್ಕರ್ ನಿಲುವು. ಒಂದನ್ನು ಎಡಪಕ್ಷದ ಗೆಳೆಯರು ಹಿಡಿಯುತ್ತಾರೆ, ಇನ್ನೊಂದನ್ನು ಮುಷ್ಕರ ಮುರಿಯುವ ಸರ್ಕಾರಗಳು ಬೇಕಾದಾಗ ಎತ್ತಿಕೊಳ್ಳುತ್ತವೆ.

ನ್ಯಾಯಾಲಯಗಳು ಹಿಡಿದದ್ದು ಗುರುವಿನ ಪಟವನ್ನೇ. 1978ರ ಬೆಂಗಳೂರು ನೀರು ಸರಬರಾಜು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವೂ ಉದ್ಯಮವೇ ಅಂದಿತ್ತು. 1988ರಲ್ಲಿ ಗೋವಾದ ಶಾಲಾ ಶಿಕ್ಷಕಿಯೊಬ್ಬರ ಪ್ರಕರಣದಲ್ಲಿ, ಉದ್ಯಮವಿರಬಹುದು, ಮೇಷ್ಟ್ರು ಮಾತ್ರ ಕಾರ್ಮಿಕರಲ್ಲ, ಅದು ಉದಾತ್ತ ಕಾಯಕ ಅಂದಿತು. ಉದಾತ್ತ ಎಂದ ತಕ್ಷಣ ಆಕೆಗೆ ಕಾರ್ಮಿಕ ನ್ಯಾಯಾಲಯದ ಬಾಗಿಲು ಮುಚ್ಚಿತು. 2003ರಲ್ಲಿ ತಮಿಳುನಾಡು ಮುಷ್ಕರ ಹೂಡಿದ ಸುಮಾರು 1.7 ಲಕ್ಷ ನೌಕರರನ್ನು, ಮೇಷ್ಟ್ರುಗಳೂ ಸೇರಿದಂತೆ, ಒಂದೇ ಏಟಿಗೆ ವಜಾ ಮಾಡಿದಾಗ, ಸರ್ಕಾರಿ ನೌಕರರಿಗೆ ಮುಷ್ಕರದ ನೈತಿಕ ಹಕ್ಕೂ ಇಲ್ಲ ಎಂದು ಆಗಸ್ಟ್ 6ರಂದು ಅದೇ ಕೋರ್ಟು ಹೇಳಿತು.

ಹಾಗಂತ ಸಂಘಟಿತರಿಗೆ ಬಲವಿಲ್ಲ ಎಂದಲ್ಲ. 2023ರ ಮಾರ್ಚ್ 1ರಂದು ಕರ್ನಾಟಕದ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು, ಮಧ್ಯಾಹ್ನದೊಳಗೆ ಶೇ. 17 ಮಧ್ಯಂತರ ಪರಿಹಾರದ ಆದೇಶ ಬಂತು. ಕಾಯಂ ಮೇಷ್ಟ್ರಾಗಿ ಅದು ನನಗೂ ಸಿಕ್ಕಿತು, ಬೇಡ ಅನ್ನಲಿಲ್ಲ. ಸರ್ಕಾರಿ ಶಾಲೆ ಒಂದು ದಿನ ಮುಚ್ಚಿದ್ದಕ್ಕೆ ಪೇಟೆಯಲ್ಲಿ ಯಾರೂ ಅಳಲಿಲ್ಲ. ಉಳ್ಳವರ ಮಕ್ಕಳು ಅಲ್ಲಿಂದ ಯಾವತ್ತೋ ಎದ್ದು ಹೋಗಿದ್ದಾರೆ. ಉಳಿದಿರುವುದು ಹೆಚ್ಚಾಗಿ ನಮ್ಮ ಕೇರಿಯ ಮಕ್ಕಳು. ಅದೇ ವರ್ಷದ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದರು. ಅಂಥದ್ದು ಬೇಡಿಕೆ ಪಟ್ಟಿಯ ಎಷ್ಟನೇ ಸಾಲಿಗೆ ಬರಬೇಕು ಎಂದು ನಾನು ಸಂಘದ ಸಭೆಗಳಲ್ಲಿ ಕೇಳುತ್ತಲೇ ಇದ್ದೇನೆ. ‘ಅದು ಬೇರೆ ವಿಷಯ ಸಾರ್’ ಎನ್ನುತ್ತಾರೆ.

ಸಂಬಳ, ಕೂಲಿ ಎರಡನ್ನೂ ಕೊಡಲು ಮನಸ್ಸಿಲ್ಲದ ಸರ್ಕಾರ ಮೂರನೆಯದೊಂದು ಮಾತು ಕಂಡುಕೊಂಡಿದೆ: ಗೌರವಧನ. ಅಂಗನವಾಡಿಯ ಅಕ್ಕನಿಗೆ ಗೌರವಧನ, ಬಿಸಿಯೂಟ ಬೇಯಿಸುವ ಅವ್ವನಿಗೆ ಗೌರವಧನ, ಅತಿಥಿ ಉಪನ್ಯಾಸಕನಿಗೆ ಗೌರವಧನ. ಗುರುವಿನ ಗೌರವ ಕೊನೆಗೂ ನಮ್ಮವರ ಪಾಲಿಗೆ ಬಂದದ್ದು ಹೀಗೆ, ಹಣದ ಬದಲಿಗೆ. ಪದವಿ ಕಾಲೇಜುಗಳ ಸುಮಾರು 14 ಸಾವಿರ ಅತಿಥಿ ಉಪನ್ಯಾಸಕರು 2021ರ ಡಿಸೆಂಬರಿನಲ್ಲಿ ಮುಷ್ಕರಕ್ಕೆ ಕೂತಾಗ ಅವರಿಗೆ ಸಿಗುತ್ತಿದ್ದದ್ದು ತಿಂಗಳಿಗೆ 11 ಸಾವಿರ, ನೆಟ್, ಸ್ಲೆಟ್, ಪಿಎಚ್.ಡಿ. ಇದ್ದರೆ 13 ಸಾವಿರ. 2022ರ ಜನವರಿಯಲ್ಲಿ ಸರ್ಕಾರ ಅದನ್ನು 26ರಿಂದ 32 ಸಾವಿರಕ್ಕೆ ಏರಿಸಿತು, ಜೊತೆಗೆ ವಾರದ ಪಾಠವನ್ನು 15 ಗಂಟೆಗೆ ಏರಿಸಿತು. ಒಬ್ಬನಿಗೆ ಇಬ್ಬರ ಪಾಠ ಕೊಟ್ಟರೆ ಇನ್ನೊಬ್ಬ ಎಲ್ಲಿಗೆ ಹೋಗಬೇಕು? ಸಾವಿರಾರು ಮಂದಿ ಪಟ್ಟಿಯಿಂದಲೇ ಹೊರಬಿದ್ದರು. 2023ರ ಕೊನೆಯಲ್ಲಿ ಮತ್ತೆ ಮುಷ್ಕರ, ಈ ಸಲ ಕೇಳಿದ್ದು ಖಾಯಮಾತಿ.

ಅಲ್ಲಿ ನಿಜವಾದ ಮುಳ್ಳಿದೆ. ಖಾಯಮಾತಿ ಅಂದ ಕೂಡಲೆ ಸರ್ಕಾರ 2006ರ ಉಮಾದೇವಿ ತೀರ್ಪನ್ನು ತೋರಿಸುತ್ತದೆ. ಅದೂ ಕರ್ನಾಟಕದ್ದೇ ಪ್ರಕರಣ. ನಿಯಮದ ನೇಮಕಾತಿಯಿಲ್ಲದೆ ಬಂದವರನ್ನು ಕಾಯಂ ಮಾಡಿದರೆ ಹೊರಗೆ ಕಾಯುತ್ತಿರುವವರ ಸಮಾನ ಅವಕಾಶ ಹೋಗುತ್ತದೆ ಎಂಬುದು ಅದರ ವಾದ. ಈ ವಾದವನ್ನು ನಾನು ಸುಮ್ಮನೆ ತಳ್ಳಿಹಾಕಲಾರೆ. ಮೀಸಲಾತಿ ನಿಲ್ಲುವುದು ಮಂಜೂರಾದ ಹುದ್ದೆಯ ಮೇಲೆ, ರೋಸ್ಟರಿನ ಬಿಂದುವಿನ ಮೇಲೆ. ಗಂಟೆ ಲೆಕ್ಕದ ಪಾಠವನ್ನು ರೋಸ್ಟರ್ ನೋಡದೆ ಹುದ್ದೆ ಮಾಡಿಬಿಟ್ಟರೆ ನಮ್ಮ ಬ್ಯಾಕ್‌ಲಾಗ್ ಅಲ್ಲೇ ಹೂತುಹೋಗುತ್ತದೆ. ಹಾಗೆಂದು ನಿಯಮದ ನೇಮಕಾತಿ ನಡೆಯುತ್ತದೆಯೇ ಅಂದರೆ, 2021ರಲ್ಲಿ ಸಹಾಯಕ ಪ್ರಾಧ್ಯಾಪಕರ 1,242 ಹುದ್ದೆಗೆ ಅಧಿಸೂಚನೆ ಬಂತು, ಅತಿಥಿಗಳ ಲೆಕ್ಕದಲ್ಲಿ ಹತ್ತಕ್ಕೊಂದೂ ಇಲ್ಲ. ಹುದ್ದೆ ತುಂಬದೆ ಅತಿಥಿಯನ್ನು ದುಡಿಸುವುದು, ಅತಿಥಿ ಹಕ್ಕು ಕೇಳಿದಾಗ ಹುದ್ದೆ ತುಂಬುವ ನಿಯಮ ತೋರಿಸುವುದು, ಎರಡೂ ಒಂದೇ ಸರ್ಕಾರದ ಕೆಲಸ.

ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಒಂದೇ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ, ಒಂದೇ ರೂಮಿನಲ್ಲಿ ಓದಿದವರು. ಒಬ್ಬ ಹನ್ನೆರಡು ವರ್ಷದಿಂದ ಅತಿಥಿ. ಇನ್ನೊಬ್ಬಳು ನೆಟ್ ಪಾಸು ಮಾಡಿ ಅಧಿಸೂಚನೆ ಕಾಯುತ್ತಿದ್ದಾಳೆ, ವಯಸ್ಸು ಮೀರುವುದರೊಳಗೆ ಬರಲಿ ಅಂತ. ಅವನು ಧರಣಿಯಿಂದ ಫೋನು ಮಾಡಿ ‘ಸಾರ್, ನೀವು ಬಂದು ಮಾತಾಡಬೇಕು’ ಅಂದ. ಅದೇ ಸಂಜೆ ಅವಳ ಫೋನು: ‘ಸಾರ್, ಇವರನ್ನೆಲ್ಲ ಕಾಯಂ ಮಾಡಿಬಿಟ್ರೆ ನಮ್ಮ ರೋಸ್ಟರ್ ಏನಾಗುತ್ತೆ?’ ನಾನು ಧರಣಿಗೆ ಹೋದೆ. ಮಂಜೂರಾದ ಖಾಲಿ ಹುದ್ದೆಗಳನ್ನೆಲ್ಲ ರೋಸ್ಟರಿನಂತೆ ಒಂದೇ ಸಲಕ್ಕೆ ತುಂಬಿ, ಸೇವೆ ಮಾಡಿದ ವರ್ಷಗಳಿಗೆ ಅಂಕ ಕೊಡಿ, ವಯಸ್ಸು ಸಡಿಲಿಸಿ, ಅಲ್ಲಿಯವರೆಗೆ ಯಾರನ್ನೂ ತೆಗೆಯಬೇಡಿ ಎಂದು ಕೇಳೋಣ ಅಂದೆ. ಅರ್ಧ ಪೆಂಡಾಲು ಚಪ್ಪಾಳೆ ತಟ್ಟಿತು. ಇನ್ನರ್ಧ ಸುಮ್ಮನೆ ಕೂತಿತ್ತು.