ಬಂದೀಖಾನೆಯ ತೆರಪು ಯಾರದು?

'ಅಂಚೆ ತೆರಪಿನ ಶಿಕ್ಷಣ' ಎಂಬ ಮಾತನ್ನು ಈಗಿನವರು ಅಷ್ಟಾಗಿ ಬಳಸುವುದಿಲ್ಲ. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಆರಂಭಿಸಿದ ಕರೆಸ್ಪಾಂಡೆನ್ಸ್ ಕೋರ್ಸಿಗೆ ಕನ್ನಡದಲ್ಲಿ ನಿಂತ ಹೆಸರು ಅದು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಬಂದಮೇಲೆ 'ದೂರಶಿಕ್ಷಣ' ಎಂಬುದು ಚಾಲ್ತಿಗೆ ಬಂತು. ನನಗೆ ಹಳೆಯ ಹೆಸರೇ ಸರಿ ಅನ್ನಿಸುತ್ತದೆ. 'ದೂರ' ಎನ್ನುವುದು ವಿಶ್ವವಿದ್ಯಾಲಯದ ಕಡೆ ನಿಂತು ಆಡಿದ ಮಾತು. 'ತೆರಪು' ಎನ್ನುವುದು ಓದುವವರ ಕಡೆಯದು. ಹೊಲದ ಕೆಲಸ, ಕಚೇರಿಯ ಗುಮಾಸ್ತಿಕೆ, ಮನೆಗೆಲಸ ಇವುಗಳ ನಡುವೆ ಸಿಗುವ ಬಿಡುವಿನಲ್ಲಿ ಓದಿಕೊಳ್ಳಿ ಎಂಬುದು ಅದರ ಅರ್ಥ.

ಒಂದು ಕೇಂದ್ರ ಕಾರಾಗೃಹದ ಬಂದಿಗಳಿಗೆ ಪದವಿ ಕೋರ್ಸುಗಳನ್ನು ಹೊಂದಿಸಿಕೊಡುವ ಸಂಯೋಜಕನ ಕೆಲಸವನ್ನು ಮೂರು ವರ್ಷದಿಂದ ಮಾಡುತ್ತಿದ್ದೇನೆ. ಅಧ್ಯಾಪಕರ ಕೊಠಡಿಯಲ್ಲಿ ಈ ವಿಷಯ ಬಂದಾಗಲೆಲ್ಲ ಯಾರಾದರೊಬ್ಬರು "ಅಲ್ಲಿ ಅವರಿಗೇನ್ರೀ ಕೆಲ್ಸ, ಬೇಕಾದಷ್ಟು ಟೈಮಿರುತ್ತೆ, ಓದ್ಲಿ ಬಿಡಿ" ಅನ್ನುತ್ತಾರೆ. ಜೈಲಿನಲ್ಲಿ ಕಾಲವೊಂದು ಬಿಟ್ಟು ಬೇರೇನೂ ಇರುವುದಿಲ್ಲ ಎಂಬುದು ವಿದ್ಯಾವಂತರ ಗಟ್ಟಿ ನಂಬಿಕೆ. ಈ ನಂಬಿಕೆಗೂ ಒಂದು ಚರಿತ್ರೆಯಿದೆ. ಅದು ಜೈಲಿನಲ್ಲಿ ಕೂತು ಬರೆದವರ ಪುಸ್ತಕಗಳಿಂದ ಹುಟ್ಟಿದ್ದು.

ಮಂಡಾಲೆಯಲ್ಲಿ 1908ರಿಂದ 1914ರವರೆಗೆ ಸೆರೆಯಲ್ಲಿದ್ದ ತಿಲಕರು ಅಲ್ಲೇ 'ಗೀತಾರಹಸ್ಯ' ಬರೆದರು. ಅಹಮದ್‌ನಗರದ ಕೋಟೆಯಲ್ಲಿದ್ದ ನೆಹರೂ 1944ರಲ್ಲಿ 'ಡಿಸ್ಕವರಿ ಆಫ್ ಇಂಡಿಯಾ' ಬರೆದರು. ನಮ್ಮ ಸಾಹಿತ್ಯ ಚರಿತ್ರೆಗಳು 'ಸೆರೆಮನೆ ಸಾಹಿತ್ಯ' ಎಂದು ಕರೆಯುವುದು ಹೆಚ್ಚಾಗಿ ಇಂಥದ್ದನ್ನೇ. ಈ ಪುಸ್ತಕಗಳನ್ನು ಹೀಗಳೆಯಲು ನಾನು ಇದನ್ನು ಎತ್ತುತ್ತಿಲ್ಲ. ಪೆನ್ಸಿಲಿನಲ್ಲೇ ಅಷ್ಟು ದೊಡ್ಡ ಗ್ರಂಥ ಬರೆಯುವುದು ಹುಡುಗಾಟವಲ್ಲ. ಆದರೆ ತಿಲಕರಿಗೆ ಅಡುಗೆ ಮಾಡಿಕೊಡಲು ಒಬ್ಬ ಬ್ರಾಹ್ಮಣ ಕೈದಿಯನ್ನೇ ಗೊತ್ತುಮಾಡಲಾಗಿತ್ತು ಎಂಬುದನ್ನು ಅವರ ಜೀವನ ಚರಿತ್ರೆಕಾರರು ಭಕ್ತಿಯಿಂದ ಬರೆಯುತ್ತಾರೆ. ಅಡುಗೆಯವನ ವಿಷಯ ಚರಿತ್ರೆಯಲ್ಲಿ ಉಳಿದಿದೆ. ಕಕ್ಕಸು ತೊಳೆದವನ ವಿಷಯ ಉಳಿದಿಲ್ಲ. ಬರೆಯುವವನ ತೆರಪು ಆಕಾಶದಿಂದ ಬಿದ್ದದ್ದಲ್ಲ, ಅದನ್ನು ಇನ್ನಿಬ್ಬರು ಮೂವರು ಕೈದಿಗಳ ಮೈಗೆಲಸದಿಂದ ಕಡೆದು ತೆಗೆಯಲಾಗಿದೆ. ದಲಿತ ವಿಮರ್ಶೆ ಸೆರೆಮನೆ ಸಾಹಿತ್ಯವನ್ನು ಓದಬೇಕಾದದ್ದು ಈ ಜಾಗದಿಂದ ಅಂತ ನನಗನ್ನಿಸುತ್ತದೆ.

ಬಾಬಾಸಾಹೇಬರು ಜೈಲಿನಲ್ಲಿ ಕೂತು ಬರೆದವರಲ್ಲ. ಜೈಲಿಗೆ ಹೋಗಲಿಲ್ಲ ಎಂಬುದನ್ನೇ ಅವರ ಮೇಲೆ ಆಪಾದನೆಯಾಗಿ ಹೊರಿಸಿದವರೂ ಉಂಟು. ಮುಂಬಯಿಯ ಪರೇಲಿನ ಒಂದೇ ಕೋಣೆಯ ಚಾಳಿನಲ್ಲಿ ಇಬ್ಬರೂ ಒಟ್ಟಿಗೆ ಮಲಗಲು ಜಾಗವಿಲ್ಲದೆ ತಂದೆ ನಡುರಾತ್ರಿಯವರೆಗೆ ಎಚ್ಚರವಿದ್ದು, ಆಮೇಲೆ ಮಗನನ್ನು ಓದಲು ಎಬ್ಬಿಸಿ ತಾವು ಮಲಗುತ್ತಿದ್ದ ಕತೆ ನಮಗೆಲ್ಲ ಗೊತ್ತು. ದಲಿತನ ತೆರಪು ಅಂದರೆ ಅದು. ಇನ್ನೊಬ್ಬರ ನಿದ್ದೆಯಿಂದ ಎರವಲು ತಂದದ್ದು.

ಇನ್ನು ಜೈಲಿನ ಒಳಗಿನ ಕೆಲಸದ ಹಂಚಿಕೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಕಂಪನಿ ಸರ್ಕಾರ ಬಿಹಾರದ ಜೈಲುಗಳಲ್ಲಿ, ಕೈದಿಗಳು ಅವರವರೇ ಬೇಯಿಸಿಕೊಳ್ಳುವುದನ್ನು ನಿಲ್ಲಿಸಿ ಸಾಮೂಹಿಕ ಅಡುಗೆ ತರಲು ಹೊರಟಿತು. ಜಾತಿ ಕೆಡುತ್ತದೆ ಎಂದು ದಂಗೆಗಳಾದವು. 1855ರಲ್ಲಿ ಹಿತ್ತಾಳೆಯ ಚೊಂಬನ್ನು ಕಿತ್ತುಕೊಂಡು ಮಣ್ಣಿನದನ್ನು ಕೊಟ್ಟದ್ದಕ್ಕೆ ಆರಾ, ಮುಜಫ್ಫರ್‌ಪುರಗಳಲ್ಲಿ ದೊಡ್ಡ ಗಲಭೆಯೇ ಎದ್ದಿತು. ರಾಷ್ಟ್ರೀಯವಾದಿ ಚರಿತ್ರೆಯಲ್ಲಿ ಇದನ್ನು 1857ರ ಮುನ್ಸೂಚನೆ ಎಂದು ಓದುವುದುಂಟು, ಇರಬಹುದು. ಆದರೆ ಇದರಿಂದ ವಸಾಹತುಶಾಹಿ ಕಲಿತ ಪಾಠ ಬೇರೆ: ಜೈಲು ಶಾಂತವಾಗಿರಬೇಕಾದರೆ ಅಡುಗೆಮನೆಯನ್ನು ಮೇಲುಜಾತಿಗೆ ಬಿಡಬೇಕು, ಕಕ್ಕಸನ್ನು ಕೆಳಜಾತಿಗೆ ಬಿಡಬೇಕು. 1894ರ ಬಂದೀಖಾನೆ ಕಾಯಿದೆ ಬಂದಮೇಲೆ ಪ್ರಾಂತಗಳು ಮಾಡಿಕೊಂಡ ನಿಯಮಾವಳಿಗಳಲ್ಲಿ ಈ ಪಾಠ ಕಲಮು ಕಲಮಾಗಿ ಇಳಿಯಿತು. ಮನುಸ್ಮೃತಿಯನ್ನು ಇಂಗ್ಲಿಷಿನ ಕಾನೂನು ಭಾಷೆಯಲ್ಲಿ ತಿದ್ದಿ ಬರೆದಂತೆ.

ಈ ಕಲಮುಗಳು ಸ್ವಾತಂತ್ರ್ಯದ ಜೊತೆಗೆ ಹೋಗಲಿಲ್ಲ. ಪಶ್ಚಿಮ ಬಂಗಾಳದ ಜೈಲು ಸಂಹಿತೆಯಲ್ಲಿ ಜಾಡಮಾಲಿಗಳನ್ನು ಮೇಹ್ತರ್, ಹಾಡಿ, ಚಂಡಾಲ ಜಾತಿಗಳಿಂದ ಆರಿಸಬೇಕೆಂದು ಹೆಸರು ಹಿಡಿದೇ ಬರೆದಿತ್ತು. ಇರುವ ಅಡುಗೆಯವರ ಕೈಯಲ್ಲಿ ಉಣ್ಣಲಾಗದಷ್ಟು ಮೇಲಿನ ಜಾತಿಯ ಕೈದಿ ಬಂದರೆ ಅವನನ್ನೇ ಅಡುಗೆಗೆ ನೇಮಿಸಿ ಎಲ್ಲರಿಗೂ ಬೇಯಿಸಲು ಹಚ್ಚಬೇಕೆಂಬ ನಿಯಮವೂ ಅಲ್ಲಿತ್ತು. 2022ರಲ್ಲಿ ಹೊಸದಾಗಿ ಮಾಡಿದ ಉತ್ತರ ಪ್ರದೇಶದ ಕೈಪಿಡಿ ಇನ್ನೂ ನಾಜೂಕು. ಸಾದಾ ಸಜೆಯವನಿಗೆ ಕೀಳು ಕೆಲಸ ಹೇಳಬಾರದು, ಆದರೆ ಆ ಕೆಲಸದ ಅಭ್ಯಾಸವಿರುವ ವರ್ಗ, ಸಮುದಾಯದವನಾದರೆ ಅಡ್ಡಿಯಿಲ್ಲ ಎಂಬರ್ಥದ ಮಾತು ಅದರಲ್ಲಿತ್ತು. ನಮ್ಮ ಭಾಷೆಯಲ್ಲಿ ಅಭ್ಯಾಸ ಎಂದರೆ ರೂಢಿಯೂ ಹೌದು, ಓದೂ ಹೌದು. ಒಬ್ಬನ ಪಾಲಿಗೆ ಒಂದೇ ಅರ್ಥವನ್ನು ಮೊದಲೇ ಬರೆದಿಟ್ಟಿದ್ದಾರೆ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಂತೂ ಹುಟ್ಟನ್ನೇ ಅಪರಾಧ ಮಾಡಿತ್ತು. 1952ರಲ್ಲಿ ಆ ಪಟ್ಟಿ ರದ್ದಾದರೂ ಹುಬ್ಬಳ್ಳಿ, ಗದಗದಲ್ಲಿ 'ಸೆಟ್ಲಮೆಂಟ್' ಅಂತ ಕರೆಯುವ ಕೇರಿಗಳು ಇವತ್ತಿಗೂ ಅದೇ ಹೆಸರಿನಲ್ಲಿವೆ.

ಓದಿನ ಹಕ್ಕಿನ ಪ್ರಶ್ನೆ ಜೈಲಿನೊಳಗೆ ಜೋರಾಗಿ ಎದ್ದದ್ದು 1929ರಲ್ಲಿ. ಭಗತ್ ಸಿಂಗ್ ಮತ್ತು ಸಂಗಾತಿಗಳು ಉಪವಾಸ ಕೂತಾಗ ಅವರ ಬೇಡಿಕೆಗಳಲ್ಲಿ ಪುಸ್ತಕ, ಪತ್ರಿಕೆಗಳೂ ಇದ್ದವು. 63 ದಿನ ಉಪವಾಸವಿದ್ದು ಜತೀಂದ್ರನಾಥ ದಾಸ್ ಪ್ರಾಣಬಿಟ್ಟರು. ಸರ್ಕಾರ ಕೊನೆಗೆ ಬಗ್ಗಿ ಕೈದಿಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡಿತು. ಹೋರಾಟಗಾರರು ಕೇಳಿದ್ದು ರಾಜಕೀಯ ಕೈದಿಯ ಸ್ಥಾನಮಾನ. ಸರ್ಕಾರ ಅಳತೆಗೋಲು ಮಾಡಿಕೊಂಡದ್ದು ಸಾಮಾಜಿಕ ಅಂತಸ್ತು, ವಿದ್ಯೆ, ಬದುಕಿನ ರೂಢಿಗಳನ್ನು. ಓದಿಕೊಂಡು ಒಳಗೆ ಬಂದವನಿಗೆ ಮೇಲಿನ ದರ್ಜೆ, ಅದರ ಜೊತೆಗೆ ಓದುವ ಬರೆಯುವ ಅನುಕೂಲ. ಓದಿಲ್ಲದೆ ಬಂದವನು ಸಿ ದರ್ಜೆಗೆ, ದುಡಿಮೆಗೆ. ಜೈಲಿನಲ್ಲಿ ವಿದ್ಯೆ ಎನ್ನುವುದು ಕೊಡುವ ಪದಾರ್ಥವಾಗಿರಲಿಲ್ಲ, ಹೊರಗಿನಿಂದ ತಂದು ತೋರಿಸಬೇಕಾದ ಚೀಟಿಯಾಗಿತ್ತು.

ಇದೇ ಕಾಲದ ಇನ್ನೊಂದು ಪ್ರಸಂಗವನ್ನು ಗಾಂಧಿವಾದಿಗಳು ಪ್ರೀತಿಯಿಂದ ನೆನೆಯುತ್ತಾರೆ. ರತ್ನಾಗಿರಿ ಜೈಲಿನಲ್ಲಿದ್ದ ಅಪ್ಪಾಸಾಹೇಬ ಪಟವರ್ಧನ್ ಎಂಬ ಬ್ರಾಹ್ಮಣ ಸತ್ಯಾಗ್ರಹಿ ತನಗೂ ಕಕ್ಕಸು ತೊಳೆಯುವ ಕೆಲಸ ಕೊಡಿ ಎಂದು ಕೇಳಿದರು. ಜೈಲಿನವರು ಒಪ್ಪಲಿಲ್ಲ. ಯರವಡಾದಲ್ಲಿದ್ದ ಗಾಂಧೀಜಿ ಅವರ ಬೆಂಬಲಕ್ಕೆ 1932ರ ಡಿಸೆಂಬರ್ 3ರಂದು ಉಪವಾಸ ಹೂಡಿದರು, ಭರವಸೆ ಸಿಕ್ಕಮೇಲೆ ಬಿಟ್ಟರು. ಅದೇ ಯರವಡಾದಲ್ಲಿ ಪೂನಾ ಒಪ್ಪಂದವಾಗಿ ಆಗಿನ್ನೂ ಎರಡೂವರೆ ತಿಂಗಳೂ ಕಳೆದಿರಲಿಲ್ಲ. ಪಟವರ್ಧನರ ಪ್ರಾಮಾಣಿಕತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಪೊರಕೆ ಎತ್ತಿಕೊಳ್ಳುತ್ತೇನೆ ಎಂದ ಬ್ರಾಹ್ಮಣನ ಹೆಸರು ಚರಿತ್ರೆಗೆ ಗೊತ್ತು. ಪೊರಕೆ ಕೆಳಗಿಡುತ್ತೇನೆ ಎಂದವನ ಹೆಸರು ಎಲ್ಲಿದೆ? ಅವನು ಅಂದಿರಲಾರನೇ? ಅಂದಿದ್ದರೆ ಅದು ಜೈಲಿನ ಶಿಕ್ಷಾ ಪುಸ್ತಕದಲ್ಲಿ 'ಅವಿಧೇಯತೆ' ಎಂದು ದಾಖಲಾಗಿರುತ್ತದೆ, ಸತ್ಯಾಗ್ರಹ ಎಂದಲ್ಲ.

ಸ್ವಾತಂತ್ರ್ಯಾನಂತರ ಸುಧಾರಣೆಯ ಮಾತು ಬೇಕಾದಷ್ಟು ಬಂತು. ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿ 1980ರಿಂದ 83ರವರೆಗೆ ದೇಶದ ಜೈಲುಗಳನ್ನು ಪರಿಶೀಲಿಸಿ ವರದಿ ಕೊಟ್ಟಿತು. 1985ರಲ್ಲಿ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು, 1994ರಲ್ಲಿ ತಿಹಾರ್ ಜೈಲಿನೊಳಗೆ ಅದರ ಅಧ್ಯಯನ ಕೇಂದ್ರ ತೆರೆಯಿತು. ಆಮೇಲೆ ಬೇರೆ ಬೇರೆ ರಾಜ್ಯಗಳ ಜೈಲುಗಳಲ್ಲೂ ಇಂಥ ಕೇಂದ್ರಗಳಾದವು. ಇದು ಸಣ್ಣ ಕೆಲಸವಲ್ಲ. ಎ ದರ್ಜೆಯ ಕೈದಿಯ ಸವಲತ್ತಾಗಿದ್ದ ಓದು ತಾತ್ವಿಕವಾಗಿಯಾದರೂ ಎಲ್ಲರದೂ ಆಯಿತು.

ತಾತ್ವಿಕವಾಗಿ ಎಂದೆ. ಪ್ರವೇಶದ ಅರ್ಜಿಗೆ ಪಿಯುಸಿ ಅಂಕಪಟ್ಟಿ ಬೇಕು, ಟಿ.ಸಿ. ಬೇಕು. ಹೊರಗೆ ಅಣ್ಣನೋ ಭಾವನೋ ಇರುವವನಿಗೆ ಮುಂದಿನ ಭೇಟಿಯ ದಿನವೇ ಎಲ್ಲ ಕಾಗದ ಒಂದು ಫೈಲಿನಲ್ಲಿ ಬರುತ್ತದೆ. ಸ್ಲಮ್ಮಿನಿಂದ ಬಂದವನ ಅಂಕಪಟ್ಟಿ ಅವ್ವನ ಟ್ರಂಕಿನಲ್ಲಿತ್ತು, ಗುಡಿಸಲು ಎತ್ತಿಸಿದಾಗ ಟ್ರಂಕು ಎಲ್ಲಿಗೆ ಹೋಯಿತೋ ಅವ್ವನಿಗೂ ಗೊತ್ತಿಲ್ಲ. ಅವನ ಹಳೇ ಕಾಲೇಜಿಗೆ ನಕಲು ಪ್ರತಿಗಾಗಿ ಓಡಾಡುವುದೇ ನನ್ನ ಸಂಯೋಜನೆಯ ಅರ್ಧ ಕೆಲಸ. ಪಾಠಗಳ ಕಟ್ಟು ಅಂಚೆಯಲ್ಲಿ ಬಂದರೆ ಗೇಟಿನಲ್ಲಿ ಬಿಚ್ಚಿ, ಸ್ಟೇಪ್ಲರ್ ಪಿನ್ನು ಕಿತ್ತು, ಹಾಳೆ ಹಾಳೆ ತಿರುವಿ, ಮೊಹರು ಒತ್ತಿ ಒಳಗೆ ಬಿಡುತ್ತಾರೆ. ಅಷ್ಟರಲ್ಲಿ ಅಸೈನ್‌ಮೆಂಟಿನ ಕೊನೆಯ ದಿನಾಂಕ ಮುಗಿದಿರುತ್ತದೆ.

ವಿಚಾರಣಾ ಬಂದಿಗಳದು ಇನ್ನೊಂದು ಪಾಡು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣೆಯಲ್ಲೇ ಇದ್ದವರು. ಜನಸಂಖ್ಯೆಯಲ್ಲಿ 2011ರ ಗಣತಿಯಂತೆ ಶೇ. 16.6ರಷ್ಟಿರುವ ಪರಿಶಿಷ್ಟ ಜಾತಿಯವರು ಜೈಲಿನಲ್ಲಿ ಐವರಿಗೊಬ್ಬರಿಗಿಂತ ಹೆಚ್ಚು. ಪರೀಕ್ಷೆಯ ದಿನವೇ ಕೋರ್ಟಿನ ತಾರೀಖು ಬೀಳುತ್ತದೆ. ಜಾಮೀನು ಸಿಕ್ಕಿ ಹೊರಗೆ ಹೋದವನು ಗಾರೆ ಕೆಲಸಕ್ಕೋ ಲೋಡಿಂಗಿಗೋ ಸೇರಿಕೊಳ್ಳುತ್ತಾನೆ, ಪುಸ್ತಕ ಬ್ಯಾರಕ್ಕಿನಲ್ಲೇ ಉಳಿಯುತ್ತದೆ. "ಬೇಲ್ ಸಿಕ್ರೆ ಫೇಲು, ಸಿಗ್ದಿದ್ರೆ ಪಾಸು ಅಲ್ವಾ ಸಾ" ಅಂತ ಒಬ್ಬ ಹುಡುಗ ನಗುತ್ತಾ ಹೇಳಿದ. ಅವನಿಗೆ ಕೊನೆಗೆ ಬೇಲ್ ಸಿಕ್ಕಿತು.

ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇನ್ನೊಬ್ಬರ ವಿಷಯ. ವಯಸ್ಸು ನಲವತ್ತು ದಾಟಿದೆ, ಜೀವಾವಧಿ ಸಜಾಬಂದಿ, ಹೊರಗೆ ಗುತ್ತಿಗೆಯ ಪೌರಕಾರ್ಮಿಕರಾಗಿದ್ದವರು. ಬಿ.ಎ. ಮೊದಲ ವರ್ಷಕ್ಕೆ ಇತಿಹಾಸ ತೆಗೆದುಕೊಂಡಿದ್ದರು. ಬೆಳಿಗ್ಗೆ ಹತ್ತರ ಸಂಪರ್ಕ ತರಗತಿಗೆ ಅವರು ಬರುತ್ತಲೇ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಗೈರು, ಗೈರು, ಗೈರು. ಕೇಳಿದರೆ, "ಮೇಷ್ಟ್ರೇ, ಕಕ್ಕಸಿನ ಲೈನು ಮುಗ್ಸಿ ಸ್ನಾನ ಮಾಡೋ ಹೊತ್ತಿಗೆ ಹನ್ನೊಂದೂವರೆ ಆಯ್ತದೆ. ಹಂಗೇ ಬರಾಕೆ ನಾಚ್ಕೆ" ಎಂದರು. ಕೆಲಸ ಹಂಚುವ ಸಿಬ್ಬಂದಿಯನ್ನು ವಿಚಾರಿಸಿದೆ. ಅವರೇನೂ ಕೆಟ್ಟವರಲ್ಲ, ನನಗೆ ಟೀ ತರಿಸಿಕೊಟ್ಟೇ ಮಾತಾಡಿದರು. "ಜಾತಿ ಗೀತಿ ನಾವು ನೋಡಲ್ಲ ಸಾರ್. ಅವನಿಗೆ ಆ ಕೆಲಸ ಅಭ್ಯಾಸ ಇದೆ, ನೀಟಾಗಿ ಮಾಡ್ತಾನೆ" ಅಂದರು. ಉತ್ತರ ಪ್ರದೇಶದ ಕೈಪಿಡಿಯನ್ನು ಅವರು ಓದಿರುವ ಸಂಭವವೇ ಇಲ್ಲ. ಆದರೂ ಅದೇ ಮಾತು ಅವರ ಬಾಯಲ್ಲಿತ್ತು. ಅದೇ ಬ್ಯಾರಕ್ಕಿನ ಇನ್ನೊಬ್ಬ ವಿದ್ಯಾರ್ಥಿಗೆ ಲೈಬ್ರರಿಯ ಕೆಲಸ, ಏಕೆಂದರೆ ಅವನು ಓದಿದವನು. ಆ ಹುಡುಗ ಕೆಲಸದ ಹೊತ್ತಿನಲ್ಲೇ ಓದಿ ಪ್ರಥಮ ದರ್ಜೆ ತೆಗೆದ. ಪತ್ರಿಕೆಯಲ್ಲಿ ಸುದ್ದಿಯಾಯಿತು.

2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪು ಇಲ್ಲಿಗೆ ಬಂದು ತಾಗುತ್ತದೆ. ಪತ್ರಕರ್ತೆ ಸುಕನ್ಯಾ ಶಾಂತಾ 2020ರಲ್ಲಿ ಜೈಲುಗಳ ಜಾತಿ ಪದ್ಧತಿಯ ಬಗ್ಗೆ ಬರೆದ ವರದಿ, ಆಮೇಲೆ ಅವರೇ ಹಾಕಿದ ಅರ್ಜಿ ಇದಕ್ಕೆ ಮೂಲ. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರ ಪೀಠ, ಜಾತಿಯ ಮೇಲೆ ಕೆಲಸ ಹಂಚುವ ನಿಯಮಗಳೆಲ್ಲ ಸಂವಿಧಾನ ಬಾಹಿರ ಎಂದಿತು. ಮೂರು ತಿಂಗಳಲ್ಲಿ ಕೈಪಿಡಿಗಳನ್ನು ತಿದ್ದಿ, ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಮನ್ನು ತೆಗೆಯಿರಿ ಎಂದಿತು. ಅಸ್ಪೃಶ್ಯತೆಯನ್ನು ನಿಷೇಧಿಸುವ 17ನೆಯ ವಿಧಿ ಜೈಲಿನ ಕಕ್ಕಸಿನವರೆಗೆ ತಲುಪಲು ಹತ್ತಿರ ಹತ್ತಿರ ಮುಕ್ಕಾಲು ಶತಮಾನ ಹಿಡಿಯಿತು. ಇದು ದೊಡ್ಡ ತೀರ್ಪು, ಅನುಮಾನವಿಲ್ಲ. ಆದರೆ ನಮ್ಮ ಕಕ್ಕಸಿನ ಲೈನಿಗೆ ಆಳು ಹಾಕುವಾಗ ಯಾರೂ ರಿಜಿಸ್ಟರು ತೆಗೆದು ನೋಡುತ್ತಿರಲಿಲ್ಲ. ಹೊರಗೆ ಏನು ಕೆಲಸ ಮಾಡುತ್ತಿದ್ದೆ ಎಂದು ಕೇಳುತ್ತಿದ್ದರು, ಅಷ್ಟೆ. ಕಾಲಮು ಅಳಿಸಿದರೂ 'ಅಭ್ಯಾಸ' ಎಂಬ ಮಾತು ಅದೇ ಕೆಲಸವನ್ನು ಮಾಡಬಲ್ಲದು. ಇತ್ತ ನನ್ನ ಅರ್ಜಿ ನಮೂನೆಯಲ್ಲಿ ಜಾತಿ ಕಾಲಮು ಇದೆ, ಇರಲೇಬೇಕು. ಶುಲ್ಕ ವಿನಾಯಿತಿ ಸಿಗುವುದು ಅದರಿಂದ. ಒಂದು ಕಾಗದದಲ್ಲಿ ಜಾತಿ ಪೊರಕೆ ಕೊಡುತ್ತದೆ, ಇನ್ನೊಂದರಲ್ಲಿ ಪುಸ್ತಕ. ಜಾತಿಯನ್ನು ಬರೆಯಬೇಕೋ ಬಾರದೋ ಎಂಬ ಚರ್ಚೆಯನ್ನು ಈ ಎರಡು ಕಾಗದಗಳನ್ನು ಒಟ್ಟಿಗೆ ಇಟ್ಟುಕೊಳ್ಳದೆ ಮಾಡುವುದು ವ್ಯರ್ಥ.

ಬಂಗಾಳದ ಮನೋರಂಜನ್ ಬ್ಯಾಪಾರಿಯವರನ್ನು ಇಲ್ಲಿ ನೆನೆಯಬೇಕು. ನಾಮಶೂದ್ರ ಸಮುದಾಯದ ನಿರಾಶ್ರಿತ ಕುಟುಂಬದವರು. ಎಪ್ಪತ್ತರ ದಶಕದಲ್ಲಿ ಕಲ್ಕತ್ತೆಯ ಜೈಲಿನಲ್ಲಿದ್ದಾಗ ಜೊತೆಯ ಕೈದಿಯೊಬ್ಬ ಅಂಗಳದ ನೆಲದ ಮೇಲೆ ಗೀರಿ ಅವರಿಗೆ ಅಕ್ಷರ ಕಲಿಸಿದ. ಹೊರಬಂದು ರಿಕ್ಷಾ ಎಳೆಯುತ್ತಿದ್ದಾಗ ತಮ್ಮ ರಿಕ್ಷಾ ಹತ್ತಿದ ಮಹಾಶ್ವೇತಾದೇವಿಯವರನ್ನು ಒಂದು ಪದದ ಅರ್ಥ ಕೇಳಿ, ಅವರ ಪತ್ರಿಕೆಗೆ ಬರೆದು ಲೇಖಕರಾದರು. 2021ರಲ್ಲಿ ಶಾಸಕರಾಗಿಯೂ ಆಯ್ಕೆಯಾದರು. ಆತ್ಮಕಥೆಗೆ ಅವರು ಇಟ್ಟ ಹೆಸರಿನಲ್ಲೇ 'ಚಂಡಾಲ ಜೀವನ' ಎಂದಿದೆ. ಆ ರಾಜ್ಯದ ಜೈಲು ಸಂಹಿತೆ ಜಾಡಮಾಲಿ ಕೆಲಸಕ್ಕೆ ಹೆಸರಿಸಿದ್ದ ಜಾತಿಗಳಲ್ಲಿ ಒಂದರ ಹೆಸರನ್ನೇ ಅಲ್ಲಿ ಕಲಿತ ಅಕ್ಷರದಲ್ಲಿ ಬರೆದು ಪುಸ್ತಕದ ಮೇಲೆ ಹಾಕಿಕೊಂಡರು. ಸೆರೆಮನೆ ಸಾಹಿತ್ಯದ ಪಾಠ ಮಾಡುವಾಗ ನಾನು ಈಗ 'ಗೀತಾರಹಸ್ಯ'ದ ಪಕ್ಕದಲ್ಲಿ ಈ ಪುಸ್ತಕವನ್ನಿಟ್ಟು ಶುರುಮಾಡುತ್ತೇನೆ.

ಜೈಲಿನ ಅಧ್ಯಯನ ಕೇಂದ್ರಗಳ ವರದಿಯಲ್ಲಿ ನಾವು ತುಂಬುವುದು ಎಷ್ಟು ಜನ ಸೇರಿದರು, ಎಷ್ಟು ಜನ ಪಾಸಾದರು ಎಂಬುದನ್ನು. ಸೇರಿದವರು ಆ ವಾರ ಯಾವ ಕೆಲಸದಲ್ಲಿದ್ದರು, ಎಷ್ಟು ಹೊತ್ತಿಗೆ ಬಿಡುಗಡೆಯಾದರು ಎಂಬುದಕ್ಕೆ ನಮೂನೆಯಲ್ಲಿ ಜಾಗವಿಲ್ಲ. ಕಳೆದ ವರ್ಷದಿಂದ ನಾನು ಹಾಜರಿ ಪಟ್ಟಿಯ ಜೊತೆಗೆ ಕೆಲಸದ ಪಾಳಿಯ ಪಟ್ಟಿಯನ್ನೂ ಲಗತ್ತಿಸಿ ಕಳಿಸುತ್ತಿದ್ದೇನೆ. ತರಗತಿ ಇರುವ ದಿನ ವಿದ್ಯಾರ್ಥಿಗಳನ್ನು ಬೆಳಗಿನ ಕಕ್ಕಸಿನ ಪಾಳಿಗೆ ಹಾಕಬಾರದು, ಆ ಪಾಳಿ ಬ್ಯಾರಕ್ಕಿನ ಎಲ್ಲರಿಗೂ ಸರದಿಯಂತೆ ಬರಬೇಕು ಎಂದು ಕೆಳಗೆ ಎರಡು ಸಾಲು ಬರೆಯುತ್ತೇನೆ. ಎರಡು ಸಲ ಅದು 'ಸಂಯೋಜಕರ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಷರಾದೊಂದಿಗೆ ವಾಪಸು ಬಂತು. ಮೂರನೆಯ ಸಲ ತೀರ್ಪಿನ ಪ್ರತಿಯನ್ನೂ ಸೇರಿಸಿ ಕಳಿಸಿದೆ. ಷರಾ ಬರಲಿಲ್ಲ, ಉತ್ತರವೂ ಬರಲಿಲ್ಲ. ತರಗತಿಯನ್ನು ಮಧ್ಯಾಹ್ನ ಎರಡಕ್ಕೆ ಬದಲಾಯಿಸಿಕೊಂಡಿದ್ದೇವೆ. ಅವರು ಈಗ ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂರುತ್ತಾರೆ, ಊಟವಾದಮೇಲಿನ ಜೊಂಪು ತಡೆಯಲು ಆಗಾಗ ಎದ್ದು ನಿಂತು ಕೇಳುತ್ತಾರೆ. ಕಕ್ಕಸಿನ ಪಾಳಿ ಮಾತ್ರ ಹಾಗೇ ಇದೆ.