ಪರದೆ ಯಾರಿಗಾಗಿ ಅಗಲವಾಯಿತು?

ಇಂದು ಅಂಗಡಿಯಲ್ಲಿ ಮಾನಿಟರಿನ ಡಬ್ಬವೊಂದನ್ನು ನೋಡಿದರೆ ಮೈತುಂಬ ಅಂಕಿಗಳು: 27 ಇಂಚು, 16:9, 2560×1440, 165 ಹರ್ಟ್ಸ್, 1 ಮಿಲಿಸೆಕೆಂಡ್. ಹಗಲೆಲ್ಲ ನಾಲ್ಕಾರು ವಿಂಡೋಗಳನ್ನು ತೆರೆದಿಟ್ಟು ಕೆಲಸ ಮಾಡಿ, ರಾತ್ರಿ ಅದೇ ಮೇಜಿನ ಮುಂದೆ ಆಟಕ್ಕೆ ಕೂರುವವರು ಇವನ್ನು ತಮ್ಮ ಅಗತ್ಯದ ಅಳತೆಗಳೆಂದೇ ನಂಬಿ ಒಂದರ ಪಕ್ಕ ಒಂದಿಟ್ಟು ತೂಗುತ್ತಾರೆ. ಆದರೆ ಈ ಅಳತೆಗಳು ಹುಟ್ಟಿದ ಕಡೆಗಳನ್ನು ಹುಡುಕುತ್ತಾ ಹೋದರೆ ಮೇಜಿನ ಮುಂದೆ ಕೂತವರು ಅಲ್ಲಿ ಎಲ್ಲೂ ಸಿಗುವುದಿಲ್ಲ. ರೇಡಾರ್, ಸಿನಿಮಾ, ಟಿ.ವಿ., ಲ್ಯಾಪ್‌ಟಾಪಿನ ಬ್ಯಾಟರಿ ಹೀಗೆ ಬೇರೆ ಬೇರೆ ಉದ್ಯಮಗಳು ತಮ್ಮ ತಮ್ಮ ಕಾರಣಕ್ಕೆ ಗೊತ್ತುಮಾಡಿಕೊಂಡದ್ದನ್ನು ಕಂಪ್ಯೂಟರ್ ಎರವಲು ತಂದುಕೊಂಡಿದೆ. ಎಪ್ಪತ್ತು ವರ್ಷಗಳ ಮಾನಿಟರಿನ ಚರಿತ್ರೆ ಬಹುಪಾಲು ಈ ಎರವಲಿನ ಚರಿತ್ರೆ ಎಂಬುದು ನನ್ನ ವಾದ.

ಮೊದಲ ಎರವಲು ಯುದ್ಧದಿಂದ ಬಂತು. 1897ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಕಾರ್ಲ್ ಫರ್ಡಿನೆಂಡ್ ಬ್ರೌನ್ ಕ್ಯಾಥೋಡ್ ಕಿರಣ ನಳಿಕೆಯನ್ನು ರೂಪಿಸಿದ್ದು ವಿದ್ಯುತ್ತಿನ ಏರಿಳಿತವನ್ನು ಕಣ್ಣಿಗೆ ಕಾಣಿಸಲು. ಎರಡನೆಯ ಮಹಾಯುದ್ಧದ ರೇಡಾರ್ ಅದನ್ನು ದೊಡ್ಡದಾಗಿ, ಹೇರಳವಾಗಿ ತಯಾರಿಸುವುದನ್ನು ಕಲಿಸಿತು. ಕಂಪ್ಯೂಟರ್ ಹುಟ್ಟಿದಾಗ ಕೈಗೆಟುಕುವಂತೆ ಇದ್ದದ್ದು ಅದೇ ನಳಿಕೆ. ಕೇಂಬ್ರಿಜ್‌ನ ಎಡ್‌ಸ್ಯಾಕ್ ಯಂತ್ರದ ಮೇಲೆ 1952ರಲ್ಲಿ ಎ.ಎಸ್. ಡಗ್ಲಸ್ ಬರೆದ ಸೊನ್ನೆ-ಗುಣಾಕಾರದ ಆಟ 35×16 ಚುಕ್ಕಿಗಳ ಪುಟ್ಟ ಚೌಕದಲ್ಲಿ ನಡೆಯಿತು. 1958ರಲ್ಲಿ ಬ್ರೂಕ್‌ಹೇವನ್ ಪ್ರಯೋಗಾಲಯದ ವಿಲಿಯಂ ಹಿಗಿನ್‌ಬಾಥಮ್ ಆಸಿಲೋಸ್ಕೋಪಿನ ಮೇಲೆ ಟೆನಿಸ್ ಆಡಿಸಿದರು. 1962ರಲ್ಲಿ ಎಂಐಟಿಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿಡಿಪಿ-1 ಕಂಪ್ಯೂಟರಿನ ಮೇಲೆ ‘ಸ್ಪೇಸ್‌ವಾರ್’ ಆಟ ಕಟ್ಟಿದಾಗ ಅದರ ಪರದೆ ಗುಂಡಗಿತ್ತು, ಏಕೆಂದರೆ ಅದು ರೇಡಾರಿನ ವಂಶದ್ದು. ಅದರ ಒಳಮೈಗೆ ಬಳಿದ ಫಾಸ್ಫರ್ ಬೇಗ ಆರುತ್ತಿರಲಿಲ್ಲ. ರೇಡಾರಿನ ಕಿರಣ ಒಂದು ಸುತ್ತು ತಿರುಗಿ ಬರುವವರೆಗೂ ಶತ್ರುವಿಮಾನದ ಚುಕ್ಕಿ ಕಾಣುತ್ತಿರಬೇಕಲ್ಲ! ಆಟದಲ್ಲಿ ಇದೇ ಗುಣ ನೌಕೆಯ ಹಿಂದೆ ಮಂಕಾದ ಬಾಲವಾಯಿತು. ಇಂದಿನ ಆಟಗಾರರು ‘ಘೋಸ್ಟಿಂಗ್’ ಎಂದು ದೂರುವ ನೆರಳು ಹೀಗೆ ಆಟದ ಪರದೆಯಷ್ಟೇ ಹಳೆಯದು.

ಎರಡನೆಯ ಸಾಲಿಗ ಟಿ.ವಿ. ಅದು ಕೊಟ್ಟದ್ದರಲ್ಲೂ ಅರ್ಧ ಅದರದ್ದಲ್ಲ. 4:3 ಎಂಬ ಆಕಾರ ಎಡಿಸನ್ ಪ್ರಯೋಗಾಲಯದಲ್ಲಿ ಡಿಕ್ಸನ್ ಗೊತ್ತುಮಾಡಿದ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಿಂದ ಬಂದದ್ದು. 1941ರ ಅಮೆರಿಕದ ಟಿ.ವಿ. ಮಾನದಂಡ ಅದನ್ನೇ ಮುಂದುವರಿಸಿತು. ಸೆಕೆಂಡಿಗೆ 60 ಸಲ ಚಿತ್ರ ಬರೆಯುವ ವೇಗವೂ ಕಣ್ಣನ್ನು ಕೇಳಿ ಗೊತ್ತಾದದ್ದಲ್ಲ. ಅಲ್ಲಿನ ಮನೆಗಳಿಗೆ ಬರುತ್ತಿದ್ದ ವಿದ್ಯುತ್ತು 60 ಹರ್ಟ್ಸಿನದು. ಎರಡೂ ಹೊಂದಿದರೆ ಚಿತ್ರದ ಮೇಲೆ ಅಲೆಗಳು ತೆವಳುವುದಿಲ್ಲ. ಯುರೋಪಿನಲ್ಲೂ ಭಾರತದಲ್ಲೂ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಟಿ.ವಿ.ಯೂ 50. ಆಪಲ್ 2, ಸ್ಪೆಕ್ಟ್ರಮ್‌ನಂಥ ಮನೆಯ ಕಂಪ್ಯೂಟರುಗಳೂ ಆಟದ ಕನ್ಸೋಲುಗಳೂ ಟಿ.ವಿ.ಗೇ ಜೋಡಣೆಯಾಗುತ್ತಿದ್ದ ಕಾಲದಲ್ಲಿ 60ಕ್ಕೆಂದು ಬರೆದ ಅನೇಕ ಜಪಾನಿ ಆಟಗಳು ಯುರೋಪಿನ ಪರದೆಗಳ ಮೇಲೆ ಆರರಲ್ಲಿ ಒಂದು ಪಾಲು ನಿಧಾನವಾಗಿ, ಮೇಲೆ ಕೆಳಗೆ ಕಪ್ಪು ಪಟ್ಟಿ ಹೊತ್ತು ಓಡಿದವು. ವಿದ್ಯುದಾಗಾರದ ತಿರುಗಣಿಯ ವೇಗ ಆಟದ ನಾಯಕನ ಓಟವನ್ನು ನಿರ್ಧರಿಸಿತು!

ಕಚೇರಿಯ ಪರದೆಯ ಕಥೆ ಬೇರೆಯಲ್ಲವೇ ಎಂದರೆ, ಅಲ್ಲಿಯೂ ಎರವಲೇ. 1981ರ ಐಬಿಎಂ ಪಿಸಿಯ ಹಸಿರು ಮಾನಿಟರ್ ಸಾಲಿಗೆ 80 ಅಕ್ಷರದಂತೆ 25 ಸಾಲು ತೋರಿಸುತ್ತಿತ್ತು. ಆ 80 ಎಂಬುದು 1928ರ ಐಬಿಎಂ ತೂತುಕಾರ್ಡಿನ ಕಂಬಗಳ ಲೆಕ್ಕ. ಒಂದೊಂದು ಅಕ್ಷರಕ್ಕೆ ಸಿಕ್ಕ ಮನೆ 9×14 ಚುಕ್ಕಿಗಳದು. ರೋಮನ್ ಲಿಪಿಗೆ ಧಾರಾಳ, ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೇಲೊಂದು ಗುಡಿಸು, ಕೆಳಗೆರಡು ಒತ್ತು, ಪಕ್ಕಕ್ಕೊಂದು ದೀರ್ಘ ಹೊತ್ತ ಕನ್ನಡಕ್ಕೆ ಉಸಿರುಗಟ್ಟುವ ಜಾಗ. ಭಾರತೀಯ ಲಿಪಿಗಳನ್ನು ಆ ಯಂತ್ರಗಳ ಮೇಲೆ ಮೂಡಿಸಲು ಐಐಟಿ ಕಾನ್ಪುರದಲ್ಲಿ ಮೊಳೆತು ಸಿ-ಡ್ಯಾಕ್‌ನಲ್ಲಿ ಬೆಳೆದ ‘ಜಿಸ್ಟ್’ ಎಂಬ ಪ್ರತ್ಯೇಕ ಕಾರ್ಡನ್ನೇ ಕೂರಿಸಬೇಕಾಯಿತು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಓದು-ಬರಹಕ್ಕೆಂದೇ ಪರದೆ ಮಾಡಿದವರು ಇರಲೇ ಇಲ್ಲವೇ? ಇದ್ದರು. ಜೆರಾಕ್ಸ್ ಸಂಸ್ಥೆ 1973ರಲ್ಲಿ ಕಟ್ಟಿದ ‘ಆಲ್ಟೊ’ದ ಪರದೆ 606 ಚುಕ್ಕಿ ಅಗಲ, 808 ಚುಕ್ಕಿ ಎತ್ತರ. ನೆಟ್ಟಗೆ ನಿಲ್ಲಿಸಿದ ಕಾಗದದ ಹಾಳೆಯೇ ಅದರ ಮಾದರಿ. ಎಂಬತ್ತರ ದಶಕದ ಕೊನೆಗೆ ರೇಡಿಯಸ್ ಕಂಪನಿ ಮ್ಯಾಕಿಂಟಾಷ್‌ಗೆ ಪೂರ್ಣಪುಟದ ಮಾನಿಟರ್ ಮಾರಿತು. ಆಮೇಲೆ ಬೇಕೆಂದಾಗ ನೆಟ್ಟಗೆ, ಬೇಡವೆಂದಾಗ ಅಡ್ಡ ತಿರುಗುವ ಮಾನಿಟರನ್ನೂ ತಂದಿತು. ಪುಸ್ತಕ, ಪತ್ರಿಕೆಗಳ ಪುಟ ಜೋಡಿಸುವವರು ಅವನ್ನು ಮೆಚ್ಚಿದರು. ಆದರೆ ಆಲ್ಟೊ ಅಂಗಡಿಗೆ ಬರಲೇ ಇಲ್ಲ, ರೇಡಿಯಸ್ ಮಾನಿಟರುಗಳು ದುಬಾರಿಯಾಗಿ ಮೂಲೆಯಲ್ಲೇ ಉಳಿದವು. ಅಗಲದ ಪರದೆ ಗೆದ್ದದ್ದು ಅದು ಓದುವವರಿಗೆ ಹಿತವೆಂದಲ್ಲ. ಕೋಟಿಗಟ್ಟಲೆ ಟಿ.ವಿ. ತಯಾರಿಸುವ ಕಾರ್ಖಾನೆಯಿಂದ ಹೊರಬಂದ ವಸ್ತುವಿನ ಬೆಲೆಯ ಮುಂದೆ ಸಾವಿರದ ಲೆಕ್ಕದಲ್ಲಿ ಮಾಡುವ ವಸ್ತು ನಿಲ್ಲಲಾರದು.

ಇದೇ ಲೆಕ್ಕ 2008ರ ಸುಮಾರಿಗೆ ಇನ್ನೂ ನಿಚ್ಚಳವಾಗಿ ಕಂಡಿತು. ಟಿ.ವಿ.ಯ ಮುಂದೆ ಕೂತುಬಿಟ್ಟ ಪ್ರೇಕ್ಷಕರನ್ನು ಮರಳಿ ಸೆಳೆಯಲು ಹಾಲಿವುಡ್ 1953ರಲ್ಲಿ ಸಿನಿಮಾಸ್ಕೋಪ್ ತಂದಿತ್ತು. ಮೂರು ದಶಕದ ಬಳಿಕ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಹಳೆಯ ಟಿ.ವಿ.ಯನ್ನೂ ಅಗಲದ ಸಿನಿಮಾಗಳನ್ನೂ ಹೆಚ್ಚು ನಷ್ಟವಿಲ್ಲದೆ ಹೊಂದಿಸುವ ನಡುವಣ ಆಕಾರವಾಗಿ 16:9 ಸೂಚಿಸಿದರು; ಅದು ಹೈ ಡೆಫಿನಿಷನ್ ಟಿ.ವಿ.ಯ ಆಕಾರವಾಯಿತು. ಅಷ್ಟರಲ್ಲಿ ಕಂಪ್ಯೂಟರ್ ಮಾನಿಟರುಗಳು 16:10ಕ್ಕೆ ಬಂದು ನೆಲೆ ನಿಂತಿದ್ದವು: ಎರಡು ಪುಟ ಅಕ್ಕಪಕ್ಕ ಹಿಡಿಸುತ್ತಿತ್ತು, ಕೆಳಗೆ ಟೂಲ್‌ಬಾರಿಗೂ ಜಾಗವಿತ್ತು. ಆದರೆ ಎಲ್‌ಸಿಡಿ ಪ್ಯಾನೆಲುಗಳನ್ನು ದೊಡ್ಡ ಗಾಜಿನ ಹಾಳೆಯಿಂದ ಕತ್ತರಿಸುತ್ತಾರೆ. ಟಿ.ವಿ., ಮಾನಿಟರ್ ಎರಡಕ್ಕೂ ಒಂದೇ ಆಕಾರವಿದ್ದರೆ ಗಾಜು ಪೋಲಾಗುವುದು ಕಡಿಮೆ, ತಯಾರಿಕೆ ಅಗ್ಗ. ಕೆಲವೇ ವರ್ಷಗಳಲ್ಲಿ 1920×1200 ಅಪರೂಪವಾಗಿ 1920×1080 ಎಲ್ಲೆಡೆ ಹಬ್ಬಿತು. ಕೊಳ್ಳುವವರ ಗಮನಕ್ಕೆ ಬಾರದಂತೆ 120 ಸಾಲುಗಳು ಮಾಯವಾದವು. ಗಮನಕ್ಕೆ ಬಾರದ್ದಕ್ಕೆ ಕಾರಣ ಅಳೆಯುವ ರೀತಿ: ಪರದೆಯನ್ನು ಕರ್ಣದಿಂದ ಅಳೆದು ಮಾರುತ್ತಾರೆ. ‘24 ಇಂಚು’ ಎಂಬ ಒಂದೇ ಹೆಸರಿನಡಿ 4:3 ಪರದೆಗೆ ಸುಮಾರು 276 ಚದರ ಇಂಚು, 16:10ಕ್ಕೆ 259, 16:9ಕ್ಕೆ 246. ಆಕಾರ ಅಗಲವಾದಂತೆಲ್ಲ ಅದೇ ಇಂಚಿಗೆ ಕಡಿಮೆ ಗಾಜು.

ಕಣ್ಣುಗಳೆರಡೂ ಅಕ್ಕಪಕ್ಕ ಇವೆ, ಆದ್ದರಿಂದ ಅಗಲವೇ ಸಹಜ ಎಂದು ವಾದಿಸುವವರಿದ್ದಾರೆ. ಆಟದ ಮಟ್ಟಿಗೆ ಈ ಮಾತು ನಿಜ. ಓಡುತ್ತಿರುವ ಕಾರಿನ ಇಕ್ಕೆಲ ಕಂಡಷ್ಟೂ ಒಳ್ಳೆಯದು. ಓದಿಗೆ ಮಾತ್ರ ಇದು ಒಗ್ಗದು. ಓದುವಾಗ ಸ್ಪಷ್ಟವಾಗಿ ಕಾಣುವುದು ದೃಷ್ಟಿಯ ನಡುವಿನ ಸಣ್ಣ ತಾಣವಷ್ಟೇ, ಸಾಲು ಉದ್ದವಾದಷ್ಟೂ ಮುಂದಿನ ಸಾಲು ತಪ್ಪುತ್ತದೆ. ಪತ್ರಿಕೆಗಳು ಅಗಲದ ಪುಟವನ್ನು ಕಾಲಂಗಳಾಗಿ ಸೀಳುವುದು ಅದಕ್ಕೇ. ಅಗಲದ ಮಾನಿಟರನ್ನು ಕೆಲಸಕ್ಕೆ ಪಳಗಿಸಿದ್ದೂ ಈ ಸೀಳುವಿಕೆಯೇ. 1987ರ ಮ್ಯಾಕಿಂಟಾಷ್ 2 ಒಂದಕ್ಕಿಂತ ಹೆಚ್ಚು ಪರದೆಗಳನ್ನು ಒಂದೇ ಮೇಜೆಂಬಂತೆ ಕಾಣುತ್ತಿತ್ತು, ವಿಂಡೋಸ್ 98 ಆ ಸೌಲಭ್ಯವನ್ನು ಸಾಮಾನ್ಯ ಪಿಸಿಗೆ ತಂದಿತು, 2009ರ ವಿಂಡೋಸ್ 7 ವಿಂಡೋವನ್ನು ಅಂಚಿಗೆ ಎಳೆದರೆ ಅರ್ಧ ಪರದೆಗೆ ತಾನೇ ಅಂಟುವಂತೆ ಮಾಡಿತು. ಅದೇ 2009ರಲ್ಲಿ ಫಿಲಿಪ್ಸ್ ಸಿನಿಮಾ ನೋಡಲೆಂದೇ 21:9ರ ಟಿ.ವಿ. ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಟಿ.ವಿ.ಯಾಗಿ ಸೋತ ಆ ಆಕಾರ 2012ರಲ್ಲಿ ಎಲ್‌ಜಿಯ 29 ಇಂಚಿನ ಮಾನಿಟರಾಗಿ ಮರಳಿತು, ಎಡಕ್ಕೆ ಲೆಕ್ಕದ ಹಾಳೆ, ಬಲಕ್ಕೆ ಪತ್ರ ಇಟ್ಟುಕೊಳ್ಳುವವರಲ್ಲಿ ಗಿರಾಕಿಗಳನ್ನು ಕಂಡಿತು. 2017ರಲ್ಲಿ ಸ್ಯಾಮ್‌ಸಂಗ್ ತಂದ 49 ಇಂಚಿನ 32:9 ಮಾನಿಟರ್ ಎರಡು 27 ಇಂಚಿನ ಪರದೆಗಳನ್ನು ನಡುವಿನ ಅಂಚಿಲ್ಲದೆ ಹೊಲಿದಂತಿದೆ. ಹಲವು ಕೆಲಸ ಒಟ್ಟಿಗೆ ಮಾಡುವವರಿಗೆಂದು ಮಾರುವ ಪರದೆಯ ಮೂಲ ಹೀಗೆ ಒಂದು ವಿಫಲ ಸಿನಿಮಾ ಟಿ.ವಿ.ಯಲ್ಲಿದೆ.

ವೇಗದ ಕಥೆ ಇನ್ನೂ ಸ್ವಾರಸ್ಯದ್ದು. ನಳಿಕೆಯ ಕಾಲದ ಕೊನೆಗೆ ಒಳ್ಳೆಯ ಮಾನಿಟರುಗಳು 85, 100 ಹರ್ಟ್ಸನ್ನು ನಿರಾಯಾಸವಾಗಿ ಮುಟ್ಟುತ್ತಿದ್ದವು. ಸೋನಿಯ 24 ಇಂಚಿನ ಟ್ರಿನಿಟ್ರಾನ್ ಎಫ್‌ಡಬ್ಲ್ಯು900 ಮಾನಿಟರನ್ನು, ನಲವತ್ತು ಕಿಲೋ ಮೀರಿದ ಭಾರವಿದ್ದರೂ, ಇಂದಿಗೂ ಹುಡುಕಿ ಕೊಳ್ಳುವ ಆಟಗಾರರಿದ್ದಾರೆ. ಎಲ್‌ಸಿಡಿ ಬಂದಾಗ ಮೇಜಿನ ಮೇಲೆ ಜಾಗ ಸಿಕ್ಕಿತು, ಆದರೆ ವೇಗ 60ಕ್ಕೆ ಇಳಿದು ಚಲನೆ ಕಲಸಿಹೋಯಿತು. ಹಿಟಾಚಿ 1996ರಲ್ಲಿ ತಂದ ಐಪಿಎಸ್ ಎಂಬ ಎಲ್‌ಸಿಡಿ ಬಗೆ ಬದಿಯಿಂದ ನೋಡಿದರೂ ಬಣ್ಣ ಕೆಡದಂತೆ ಕಾಪಾಡಿತು, ಆದರೆ ಬಹುಕಾಲ ಆಟಕ್ಕೆ ನಿಧಾನವಾಗಿತ್ತು. ಹಾಗಾಗಿ ಆಟಗಾರರು ಪೇಲವ ಬಣ್ಣದ, ಆದರೆ ಅದಕ್ಕಿಂತ ವೇಗದ ಟಿಎನ್ ಎಂಬ ಬಗೆಯ ಪ್ಯಾನೆಲಿಗೇ ಜೋತುಬಿದ್ದರು. ಕಳೆದುಹೋದ ವೇಗ 120 ಹರ್ಟ್ಸ್ ಎಲ್‌ಸಿಡಿಯಾಗಿ ಮರಳಿ ಬಂದದ್ದು 2009ರಲ್ಲಿ, ಅದೂ ಎನ್ವಿಡಿಯಾದ ಮೂರು ಆಯಾಮದ ಕನ್ನಡಕಕ್ಕೋಸ್ಕರ. ಒಂದು ಚಿತ್ರ ಎಡಗಣ್ಣಿಗೆ, ಮುಂದಿನದು ಬಲಗಣ್ಣಿಗೆ. ಒಂದೊಂದು ಕಣ್ಣಿಗೆ 60 ಸಿಗಬೇಕಾದರೆ ಒಟ್ಟು 120 ಬೇಕು. ಕನ್ನಡಕದ ಗೀಳು ಬೇಗ ಇಳಿಯಿತು. ಕನ್ನಡಕ ತೆಗೆದಿಟ್ಟವರಿಗೆ ಮಾತ್ರ ಬರಿಗಣ್ಣಿಗೆ 120ರ ನಯ ಹಿಡಿಸಿಬಿಟ್ಟಿತ್ತು.

ಆಮೇಲಿನ ಕಾಲದಲ್ಲಿ ಆಟಗಾರರೇ ಮುಂದೆ ನಿಂತು ಮಾನಿಟರನ್ನು ಎಳೆದರು ಎಂಬುದನ್ನು ನಾನು ಒಪ್ಪುತ್ತೇನೆ. ನನ್ನ ವಾದಕ್ಕೆ ಇದೇ ದೊಡ್ಡ ಅಪವಾದ. 2013ರಲ್ಲಿ ಎನ್ವಿಡಿಯಾ ಜಿ-ಸಿಂಕ್ ಘೋಷಿಸಿದಾಗ, ಪರದೆಯೇ ಗ್ರಾಫಿಕ್ಸ್ ಕಾರ್ಡಿನ ವೇಗಕ್ಕೆ ಕಾಯುವ ವ್ಯವಸ್ಥೆ ಆಟಕ್ಕೆಂದೇ ಹುಟ್ಟಿದಂತೆ ಕಂಡಿತು. ಆದರೆ 2014ರ ಆರಂಭದಲ್ಲಿ ಎಎಂಡಿ ಅದೇ ಚಮತ್ಕಾರವನ್ನು ಸಾಮಾನ್ಯ ಲ್ಯಾಪ್‌ಟಾಪುಗಳ ಮೇಲೆ ತೋರಿಸಿತು. ಬ್ಯಾಟರಿ ಉಳಿಸಲು ಪರದೆಯ ವೇಗ ತಗ್ಗಿಸುವ ಏರ್ಪಾಡು ಲ್ಯಾಪ್‌ಟಾಪಿನ ಡಿಸ್‌ಪ್ಲೇಪೋರ್ಟ್ ಸಂಪರ್ಕದಲ್ಲಿ ಮೊದಲೇ ಇತ್ತು. ಹೀಗೆ ಅಪವಾದಕ್ಕೂ ಎರವಲಿನ ಒಂದು ಬೇರು ಸಿಗುತ್ತದೆ. 240, 360 ಹರ್ಟ್ಸ್‌ಗಳ ಓಟ ಮಾತ್ರ ಅಪ್ಪಟ ಆಟಗಾರರದು, ಅದರ ಲಾಭವೂ ವೇಗ ಏರಿದಂತೆ ಕರಗುತ್ತದೆ. 60ರಿಂದ 144ಕ್ಕೆ ಏರಿದರೆ ಒಂದು ಚಿತ್ರದ ಅವಧಿ 16.7ರಿಂದ 6.9 ಮಿಲಿಸೆಕೆಂಡಿಗೆ ಇಳಿಯುತ್ತದೆ. 144ರಿಂದ 240ಕ್ಕೆ ಏರಿದರೆ ಉಳಿಯುವುದು ಮೂರೂ ಇಲ್ಲ. ಪಂದ್ಯಕ್ಕಿಳಿಯದವರು ಅಷ್ಟಕ್ಕೆ ದುಡ್ಡು ಸುರಿಯುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಎರಡೂ ಕೆಲಸಕ್ಕೆ ಒಂದೇ ಪರದೆ ಬೇಕೆನ್ನುವವರಿಗೆ 27 ಇಂಚಿನ 2560×1440 ಇಷ್ಟು ಒಗ್ಗಿಹೋದದ್ದೂ ಹಳೆಯ ತೀರ್ಮಾನವೊಂದರ ಫಲ. ವಿಂಡೋಸ್ ಇಂಚಿಗೆ 96 ಚುಕ್ಕಿ ಎಂದು ಬಹಳ ಹಿಂದೆಯೇ ಎಣಿಸಿಕೊಂಡಿತ್ತು. ಈ ಪರದೆಯಲ್ಲಿ ಅದು 109. ಅಕ್ಷರವನ್ನು ಹಿಗ್ಗಿಸದೆಯೇ ಓದಬಹುದು. 4ಕೆ ಪರದೆಯ 83 ಲಕ್ಷ ಚುಕ್ಕಿಗಳಿಗೆ ಎದುರಾಗಿ ಇಲ್ಲಿ 37 ಲಕ್ಷ, ಆದ್ದರಿಂದ ಆಟದಲ್ಲಿ ಗ್ರಾಫಿಕ್ಸ್ ಕಾರ್ಡಿಗೂ ಏದುಸಿರು ಬರುವುದಿಲ್ಲ. 2022ರಿಂದ ಮೇಜಿಗೆ ಬಂದಿರುವ ಓಎಲ್‌ಇಡಿ ಈ ಸಮತೋಲವನ್ನು ಮತ್ತೆ ಅಲುಗಿಸಿದೆ. ಆಟದಲ್ಲಿ ಅದರ ಕಪ್ಪಿಗೂ ವೇಗಕ್ಕೂ ಸಾಟಿಯಿಲ್ಲ. ಆದರೆ ಆ ಮೊದಲ ಪ್ಯಾನೆಲುಗಳಲ್ಲಿ ಒಂದೊಂದು ಚುಕ್ಕಿಯ ಕೆಂಪು, ಹಸಿರು, ನೀಲಿಗಳು ಸಾಲಾಗಿ ನಿಲ್ಲದೆ ತ್ರಿಕೋನವಾಗಿ ಕೂತಿದ್ದವು. ಆ ಮೂರೂ ಪಟ್ಟಿಗಳು ಅಕ್ಕಪಕ್ಕ ಇರುತ್ತವೆಂದು ನಂಬಿ ಅಕ್ಷರ ತಿದ್ದುವ ವಿಂಡೋಸ್‌ನ ಕ್ಲಿಯರ್‌ಟೈಪ್ ಅಲ್ಲಿ ಅಕ್ಷರದ ಅಂಚಿಗೆ ಬಣ್ಣದ ಎಳೆ ಎಳೆಯುತ್ತದೆ. ದೂರದಿಂದ ನೋಡುವ ಟಿ.ವಿ.ಯಲ್ಲಿ ಅದೇ ಜೋಡಣೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇತ್ತ ಲ್ಯಾಪ್‌ಟಾಪುಗಳಲ್ಲಿ 16:10 ಮರಳಿದೆ ಎಂದು ಓದುವವರು ಹಿಗ್ಗುವುದುಂಟು. ಅದೂ ಅವರ ಬೇಡಿಕೆಗೆ ಮಣಿದು ಬಂದದ್ದೆನ್ನುವುದು ಕಷ್ಟ. ಲ್ಯಾಪ್‌ಟಾಪಿನ ಅಗಲವನ್ನು ಕೀಬೋರ್ಡ್ ನಿರ್ಧರಿಸುತ್ತದೆ, ಆಳವನ್ನು ಕೀಬೋರ್ಡೂ ಟಚ್‌ಪ್ಯಾಡೂ ಸೇರಿ. ಅಂಚುಗಳು ತೆಳುವಾದಾಗ 16:9 ಪರದೆಯ ಕೆಳಗೆ ಒಂದು ಬೋಳು ಪಟ್ಟಿ ಉಳಿಯುತ್ತಿತ್ತು, ಅದನ್ನು ತುಂಬಿದರು. ಕೆಳಗೆ ಕೀಬೋರ್ಡೇ ಇಲ್ಲದ ಮೇಜಿನ ಮಾನಿಟರಿಗೆ ಆ ಒತ್ತಡವಿಲ್ಲ. ಅದು ಬಹುಪಾಲು ಇನ್ನೂ ಟಿ.ವಿ.ಯ ಆಕಾರದಲ್ಲೇ ಇದೆ.